ಬ್ಲೆಂಡ್ ಅಂದ್ರೆ ಕಲಬೆರಕೆನಾ? ಸಾಧಾರಣ ಬೆಲೆಯ ವಿಸ್ಕಿ ಬಾಟಲಿಯ ಕೋರ್ಟು ಕಥೆ

ಭಾಗ 1

"ಸಿಂಗಲ್ ಮಾಲ್ಟ್ ಅಂದ್ರೆ ಅಸಲಿ, ಬ್ಲೆಂಡೆಡ್ ಅಂದ್ರೆ ದುಡ್ಡಿಲ್ಲದವರ ಕಲಬೆರಕೆ." ಈ ಮಾತು ಹೇಳದೇ ಇರೋರು ನಮ್ಮ ಬ್ಯಾಚ್‌ನಲ್ಲಿ ಕಡಿಮೆ. ಹೇಳೋರಲ್ಲಿ ಅರ್ಧ ಜನ ಎರಡನ್ನೂ ಕುಡಿದಿಲ್ಲ, ಅದು ಬೇರೆ ವಿಷಯ. ಆದ್ರೆ ಆ "ಕಲಬೆರಕೆ" ಅನ್ನೋ ಆರೋಪ ಇದೆಯಲ್ಲ, ಅದು ಒಂದು ಸಲ ನಿಜವಾಗ್ಲೂ ಕಟಕಟೆ ಹತ್ತಿತ್ತು. 1905ರಲ್ಲಿ, ಲಂಡನ್ನಿನಲ್ಲಿ. ಆ ಕೇಸು ಶುರುವಾದ ದಿಕ್ಕಿನಲ್ಲೇ ಮುಗಿದಿದ್ರೆ, ಮನೆಯ ಕಪಾಟಿನಲ್ಲಿ ಸಾಧಾರಣ ಬೆಲೆಯ ಒಂದು ಸ್ಕಾಚ್ ಇಟ್ಕೊಳ್ಳೋದು ಅನ್ನೋ ಮಾತೇ ಇವತ್ತು ಇರ್ತಿತ್ತೋ ಇಲ್ವೋ.

(21 ತುಂಬದ ತಮ್ಮ ತಂಗಿಯರಿಗೆ ಇದು ಶುದ್ಧ ಇತಿಹಾಸದ ಪಾಠ. ಓದಿ, ಮುಂದೆ ಹೋಗಿ.)

ಭಾಗ 2

ಮೊದಲು ಎರಡು ಪಾತ್ರೆಗಳ ಕಥೆ. ಸ್ಕಾಟ್ಲೆಂಡಿನ ಹಳೇ ಪದ್ಧತಿ ಅಂದ್ರೆ ತಾಮ್ರದ ಹಂಡೆ, ಮೊಳಕೆ ಕಟ್ಟಿದ ಬಾರ್ಲಿ, ಒಂದೊಂದೇ ಸಲ ಕಾಯಿಸಿ ಭಟ್ಟಿ ಇಳಿಸೋದು. ಪ್ರತಿ ಸಲ ಹಂಡೆ ಖಾಲಿ ಮಾಡಬೇಕು, ತೊಳೀಬೇಕು, ಮತ್ತೆ ತುಂಬಬೇಕು. ರುಚಿ ಗಾಢ, ಖರ್ಚು ಜಾಸ್ತಿ. ಒಂದು ಸಲ ಬಂದಂಗೆ ಇನ್ನೊಂದು ಸಲ ಬರೋದೂ ಇಲ್ಲ.

1830ರಲ್ಲಿ ಈನಿಯಸ್ ಕಾಫಿ ಅನ್ನೋನು ಒಂದು ಹೊಸ ಯಂತ್ರಕ್ಕೆ ಪೇಟೆಂಟ್ ಪಡೆದ. ಎರಡು ಎತ್ತರದ ಕಂಬಗಳು. ಒಂದು ಕಡೆಯಿಂದ ಹುಳಿ ಬಂದ ಧಾನ್ಯದ ನೀರು ಸುರೀತಾನೇ ಇರುತ್ತೆ, ಕೆಳಗಿಂದ ಹಬೆ ಏರ್ತಾನೇ ಇರುತ್ತೆ, ಮದ್ಯಸಾರ ಹೊರಗೆ ಬರ್ತಾನೇ ಇರುತ್ತೆ. ನಿಲ್ಲಿಸೋ ಪ್ರಶ್ನೆಯೇ ಇಲ್ಲ. ಬಾರ್ಲಿಯೇ ಬೇಕು ಅಂತಲೂ ಇಲ್ಲ, ಗೋಧಿ ಆಗುತ್ತೆ, ಜೋಳ ಆಗುತ್ತೆ.

ತಮಾಷೆ ಏನಂದ್ರೆ ಈ ಕಾಫಿ ಮೊದಲಿಗೆ ಡಿಸ್ಟಿಲರ್ ಅಲ್ಲ, ಐರ್ಲೆಂಡಿನ ಅಬಕಾರಿ ಅಧಿಕಾರಿ ಆಗಿದ್ದವನು. 1810ರಲ್ಲಿ ಡೊನೆಗಾಲ್ ಕಡೆ ಕಳ್ಳಭಟ್ಟಿ ಹಿಡಿಯೋಕೆ ಹೋಗಿ, ಜನರ ಕೈಲಿ ಸಾಯೋ ಹಾಗೆ ಹೊಡೆಸಿಕೊಂಡಿದ್ದವನು. ಜೀವನವಿಡೀ ಭಟ್ಟಿಗಳನ್ನ ನೋಡಿ ನೋಡಿ ಕೊನೆಗೆ ಅವರೆಲ್ಲರಿಗಿಂತ ಒಳ್ಳೇ ಭಟ್ಟಿ ತಾನೇ ಕಟ್ಟಿದ. ಆದ್ರೆ ಅವನ ಊರಿನವರೇ, ಡಬ್ಲಿನ್ನಿನ ದೊಡ್ಡ ಕಂಪನಿಗಳು, ಇದರಲ್ಲಿ ಬರೋದು ರುಚಿಯಿಲ್ಲದ ಸ್ಪಿರಿಟ್ಟು, ವಿಸ್ಕಿ ಅಲ್ಲ ಅಂತ ಮೂತಿ ತಿರುವಿದ್ರು. ಸ್ಕಾಟ್ಲೆಂಡಿನವರು ಎರಡೂ ಕೈ ಚಾಚಿ ತಗೊಂಡ್ರು. ಆಗ ಐರಿಷ್ ವಿಸ್ಕಿ ರಾಜ, ಸ್ಕಾಚ್ ಇನ್ನೂ ಪಕ್ಕದ ಮನೆ ಹುಡುಗ. ಮುಂದೆ ಅದು ತಲೆಕೆಳಗಾಗೋಕೆ ಈ ಮೂತಿ ತಿರುವಿದ್ದೂ ಒಂದು ಕಾರಣ.

ಭಾಗ 3

ಈಗ ನನಗೆ ತುಂಬಾ ಇಷ್ಟವಾದ ಭಾಗ: ದಿನಸಿ ಅಂಗಡಿಯವರು.

ಜಾನ್ ವಾಕರ್ ಯಾರು ಅಂದ್ರೆ ಕಿಲ್ಮಾರ್ನಾಕ್ ಅನ್ನೋ ಊರಲ್ಲಿ 1820ರಲ್ಲಿ ಕಿರಾಣಿ ಅಂಗಡಿ ಇಟ್ಟವನು. ಶಿವಾಸ್ ಸೋದರರು ಅಬರ್ಡೀನಿನ ದಿನಸಿ ವ್ಯಾಪಾರಿಗಳು. ಡ್ಯೂವರ್, ಬೆಲ್, ಇಬ್ಬರೂ ಪರ್ತ್ ಊರಿನ ಮದ್ಯದ ವ್ಯಾಪಾರಿಗಳು. ಇವತ್ತು ಏರ್‌ಪೋರ್ಟಿನಲ್ಲಿ ಹೊಳೆಯೋ ಈ ಹೆಸರುಗಳಲ್ಲಿ ಯಾವುದೂ ಮೊದಲಿಗೆ ಭಟ್ಟಿಯ ಹೆಸರಲ್ಲ, ಎಲ್ಲವೂ ಅಂಗಡಿ ಬೋರ್ಡಿನ ಹೆಸರು.

ಅಂಗಡಿಯವನ ಕಷ್ಟ ಯೋಚನೆ ಮಾಡಿ. ಹೋದ ತಿಂಗಳು ತಂದ ಪೀಪಾಯಿ ಘಾಟು, ಈ ತಿಂಗಳದ್ದು ಸಪ್ಪೆ. ಗಿರಾಕಿ ಬಂದು "ಹೋದ ಸಲದ್ದೇ ಕೊಡಿ" ಅಂತಾನೆ. ಎಲ್ಲಿಂದ ಕೊಡೋದು? ಮೈಸೂರಲ್ಲೋ ಹಾಸನದಲ್ಲೋ ಕಾಫಿಪುಡಿ ಅಂಗಡಿಯವರು ಮಾಡೋದೇ ಇದು. ಪ್ಲಾಂಟೇಶನ್ ಎಷ್ಟು, ಪೀಬೆರಿ ಎಷ್ಟು, ಚಿಕೋರಿ ಎಷ್ಟು ಅಂತ ಅಳತೆ ಹಿಡಿದು, ವರ್ಷವಿಡೀ ನಿಮ್ಮ ಮನೆ ಕಾಫಿ ಒಂದೇ ಥರ ಇರೋ ಹಾಗೆ ನೋಡ್ಕೊಳ್ಳೋದು.

ಎಡಿನ್‌ಬರೋದ ಆಂಡ್ರ್ಯೂ ಅಷರ್ 1853ರ ಹೊತ್ತಿಗೆ ಬೇರೆ ಬೇರೆ ಪೀಪಾಯಿಯ ಗ್ಲೆನ್‌ಲಿವೆಟ್ ಮಾಲ್ಟುಗಳನ್ನ ಬೆರೆಸಿ ಒಂದೇ ಹೆಸರಲ್ಲಿ ಮಾರೋಕೆ ಶುರು ಮಾಡಿದ. ಅದಿನ್ನೂ ಮಾಲ್ಟಿಗೆ ಮಾಲ್ಟ್. ದೊಡ್ಡ ಬಾಗಿಲು ತೆರೆದಿದ್ದು 1860ರ ಸ್ಪಿರಿಟ್ಸ್ ಕಾಯ್ದೆ. ಹಂಡೆಯ ಮಾಲ್ಟ್ ವಿಸ್ಕಿಯನ್ನೂ ಕಾಫಿ ಯಂತ್ರದ ಧಾನ್ಯ ವಿಸ್ಕಿಯನ್ನೂ ತೆರಿಗೆ ಕಟ್ಟೋ ಮೊದಲೇ, ಸರ್ಕಾರದ ಬೀಗ ಇರೋ ಗೋದಾಮಿನ ಒಳಗೇ ಬೆರೆಸಬಹುದು ಅಂತ ಆಯ್ತು. ಕೇಳೋಕೆ ಒಣ ನಿಯಮ. ಆದ್ರೆ ಇದರರ್ಥ, ಸಾವಿರಾರು ಗ್ಯಾಲನ್ ಬೆರೆಸಿ ಇಟ್ಟುಕೊಳ್ಳೋಕೆ ಮುಂಗಡವಾಗಿ ತೆರಿಗೆ ದುಡ್ಡು ಸುರಿಯಬೇಕಾಗಿಲ್ಲ. ಕಿರಾಣಿ ಅಂಗಡಿಯವನೂ ಕಂಪನಿ ಆಗಬಹುದು.

ಅದಕ್ಕೆ ಅದೃಷ್ಟವೂ ಸೇರ್ತು. 1860ರ ದಶಕದಿಂದ ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನ ಫಿಲಾಕ್ಸೆರಾ ಅನ್ನೋ ಸಣ್ಣ ಕೀಟ ತಿಂದು ಹಾಕ್ತು. ಇಂಗ್ಲಿಷ್ ಸಾಹೇಬರ ಮನೆಯಲ್ಲಿ ಬ್ರಾಂಡಿ ಇದ್ದ ಜಾಗ ಖಾಲಿ ಆಯ್ತು. ಬರೀ ಮಾಲ್ಟ್ ಅವರ ನಾಲಿಗೆಗೆ ಹೊಗೆ ಹೊಗೆ. ಬ್ಲೆಂಡ್ ಮೃದು, ಅಗ್ಗ, ಪ್ರತಿ ಸಲ ಅದೇ ರುಚಿ. ಸೋಡಾ ಜೊತೆ ಸರಿಹೋಯ್ತು.

ಭಾಗ 4

ಚಿಕ್ಕ ಭಾಗ. ಲಾಭ ಕಂಡ ಕಡೆ ಕಳ್ಳರು ಬಂದ್ರು. ಲೀತ್ ಬಂದರಿನ ಪ್ಯಾಟಿಸನ್ ಸೋದರರು ಕಂಪನಿ ಮಾಡಿ, ಷೇರು ಮಾರಿ, ಸಾಲದ ಮೇಲೆ ಸಾಲ ತೆಗೆದು ಮೆರೆದ್ರು. ಜಾಹೀರಾತು ಹೇಳೋಕೆ ಗಿಳಿಗಳಿಗೆ ಪಾಠ ಕಲಿಸಿ ಅಂಗಡಿಗಳಿಗೆ ಹಂಚಿದ್ರು ಅನ್ನೋ ಕಥೆ ಇವರದ್ದೇ. 1898ರ ಡಿಸೆಂಬರಿನಲ್ಲಿ ಎಲ್ಲ ಕುಸಿದು ಬಿತ್ತು. ಲೆಕ್ಕ ತೆಗೆದಾಗ ಗೊತ್ತಾಗಿದ್ದು, ಅಗ್ಗದ ಸ್ಪಿರಿಟ್ಟಿಗೆ ಚೂರು ಒಳ್ಳೇ ಮಾಲ್ಟ್ ಸೇರಿಸಿ ಹಳೇ ಗ್ಲೆನ್‌ಲಿವೆಟ್ ಅಂತ ಮಾರಿದ್ರು. 1901ರಲ್ಲಿ ಇಬ್ಬರೂ ಜೈಲಿಗೆ. ಇವರ ಜೊತೆ ಎಷ್ಟೋ ಸಣ್ಣ ವ್ಯಾಪಾರಿಗಳೂ ಮುಳುಗಿದ್ರು. ಬ್ಲೆಂಡ್ ಅನ್ನೋ ಪದದ ಮೇಲೆ ಜನಕ್ಕೆ ಅನುಮಾನ ಉಳೀತು.

ಭಾಗ 5

ಕೇಸಿಗೆ ಬರೋಣ. ಲಂಡನ್ನಿನ ಇಸ್ಲಿಂಗ್ಟನ್ ಅನ್ನೋ ಬಡಾವಣೆಯ ಸ್ಥಳೀಯ ಆಡಳಿತ 1905ರ ನವೆಂಬರಿನಲ್ಲಿ ಮದ್ಯ ಮಾರೋರ ಮೇಲೆ ಕೇಸು ಹಾಕ್ತು. ಕಾಯ್ದೆ ಯಾವುದು ನೋಡಿ: 1875ರ ಆಹಾರ ಮತ್ತು ಔಷಧ ಮಾರಾಟ ಕಾಯ್ದೆ. ಹಾಲಿಗೆ ನೀರು ಹಾಕಿದವನನ್ನ ಹಿಡಿಯೋ ಕಾನೂನು! ಗಿರಾಕಿ ವಿಸ್ಕಿ ಕೇಳಿದ, ನೀನು ಕೊಟ್ಟಿದ್ದು ಯಂತ್ರದ ಧಾನ್ಯದ ಸ್ಪಿರಿಟ್ಟು, ಅಂದ್ರೆ ಕೇಳಿದ ವಸ್ತು ಕೊಟ್ಟಿಲ್ಲ, ಇದು ವಾದ. ಕಲಬೆರಕೆ ಅನ್ನೋ ಮಾತು ಅಕ್ಷರಶಃ.

ಮ್ಯಾಜಿಸ್ಟ್ರೇಟ್ ಫೋರ್ಡಮ್ 1906ರ ಫೆಬ್ರವರಿಯಲ್ಲಿ ಮಾರಿದವರ ವಿರುದ್ಧ ತೀರ್ಪು ಕೊಟ್ಟ. ಹಂಡೆಯಲ್ಲಿ ಇಳಿಸಿದ್ದು ಮಾತ್ರ ವಿಸ್ಕಿ ಅನ್ನೋ ಧಾಟಿ. ಮಾಲ್ಟ್ ಭಟ್ಟಿಯವರಿಗೆ ಹಬ್ಬ. ಧಾನ್ಯ ವಿಸ್ಕಿ ಮಾಡ್ತಿದ್ದ ದೊಡ್ಡ ಸಂಸ್ಥೆ ಡಿಸ್ಟಿಲರ್ಸ್ ಕಂಪನಿಗೆ ನಡುಕ. ಮೇಲ್ಮನವಿಯಲ್ಲಿ ನ್ಯಾಯಪೀಠವೇ ಸರಿಸಮ ಎರಡು ಹೋಳಾಗಿ ಏನೂ ಇತ್ಯರ್ಥ ಆಗಲಿಲ್ಲ. ಈ ಮಧ್ಯೆ ಆ ಕಂಪನಿ ಕ್ಯಾಂಬಸ್ ಅನ್ನೋ ತನ್ನ ಭಟ್ಟಿಯ ಅಪ್ಪಟ ಧಾನ್ಯ ವಿಸ್ಕಿಗೇ ಜಾಹೀರಾತು ಕೊಟ್ಟು, ಒಂದು ಗ್ಯಾಲನ್ನಿನಲ್ಲೂ ತಲೆನೋವಿಲ್ಲ ಅಂತ ಘೋಷಿಸ್ತು. (ಪರೀಕ್ಷೆ ಮಾಡೋಕೆ ಹೋಗಬೇಡಿ. ಗ್ಯಾಲನ್ ಅಂದ್ರೆ ನಾಲ್ಕೂವರೆ ಲೀಟರ್.)

ಕೊನೆಗೆ 1908ರಲ್ಲಿ ರಾಯಲ್ ಕಮಿಷನ್ ಕೂತ್ಕೊಂಡ್ತು. 1909ರ ವರದಿ ಹೇಳಿದ್ದು ಇಷ್ಟು: ಏಕದಳ ಧಾನ್ಯದಿಂದ ಮಾಡಿರಬೇಕು, ಮಾಲ್ಟ್ ಅದರ ಪಿಷ್ಟವನ್ನ ಸಕ್ಕರೆ ಮಾಡಿರಬೇಕು, ಹಂಡೆಯೋ ಯಂತ್ರವೋ ಮುಖ್ಯ ಅಲ್ಲ. ಬ್ಲೆಂಡ್ ಗೆದ್ದಿತು. ನನ್ನ ಅಭಿಪ್ರಾಯ ಕೇಳಿದ್ರೆ, ಗೆದ್ದಿದ್ದು ಸರಿ, ಆದ್ರೆ ಅರ್ಧ ಸರಿ. ಬಾಟಲಿಯಲ್ಲಿ ಮಾಲ್ಟ್ ಎಷ್ಟು ಅಂತ ಬರೀಬೇಕು ಅನ್ನೋ ನಿಯಮ ಆಗ ಬರಲಿಲ್ಲ, ಈಗಲೂ ಸ್ಕಾಚ್ ಬ್ಲೆಂಡ್ ಮೇಲೆ ಅದು ಇರಲ್ಲ. ನಮ್ಮ ಕಾಫಿಪುಡಿ ಪೊಟ್ಟಣದ ಮೇಲೆ ಚಿಕೋರಿ ಶೇಕಡಾ ಎಷ್ಟು ಅಂತ ಬರೆದಿರುತ್ತೆ. ಈ ವಿಷಯದಲ್ಲಿ ನಾವೇ ವಾಸಿ.

ಇನ್ನೊಂದು ಕೊಂಡಿ ಯುದ್ಧ ಹಾಕ್ತು. 1915ರ ಕಾಯ್ದೆ ಹಸಿ ಸ್ಪಿರಿಟ್ ಮಾರಾಟ ತಡೆದು, ಮೊದಲು ಎರಡು ವರ್ಷ, ಮರುವರ್ಷದಿಂದ ಮೂರು ವರ್ಷ ಬಚ್ಚಿಡಬೇಕು ಅಂತ ಮಾಡ್ತು. ಕುಡಿತ ಕಮ್ಮಿ ಮಾಡೋ ಉದ್ದೇಶ. ಆಗಿದ್ದು ಮಾತ್ರ ಅಗ್ಗದ ಸ್ಕಾಚಿಗೂ ಒಂದು ಕನಿಷ್ಠ ಗುಣಮಟ್ಟ.

ಭಾಗ 6

ಮನೆಯಲ್ಲಿ ಇಡೋ ವಿಷಯಕ್ಕೆ ಇನ್ನೆರಡು ಸಣ್ಣ ಕ್ರಾಂತಿಗಳು. ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ತೆರಿಗೆ 1845ರಲ್ಲಿ ಹೋಯ್ತು, ಬಾಟಲಿ ಅಗ್ಗ ಆಯ್ತು. ಆಮೇಲೆ ಮುಚ್ಚಳ. ಮೊದಲೆಲ್ಲ ವೈನ್ ಥರ ಕಾರ್ಕಿಗೆ ತಿರುಪು ಹಾಕಿ ಕೀಳಬೇಕಿತ್ತು. 1913ರಲ್ಲಿ ಟೀಚರ್ಸ್ ಕಂಪನಿ ಕೈಯಿಂದಲೇ ತೆಗೆದು ಮತ್ತೆ ಹಾಕಬಹುದಾದ ಬಿರಟೆ ತಂತು, 1926ರಲ್ಲಿ ವೈಟ್ ಹಾರ್ಸ್ ತಿರುಗಿಸೋ ಲೋಹದ ಮುಚ್ಚಳ ತಂತು. ಒಂದು ಪೆಗ್ ಹಾಕ್ಕೊಂಡು ಉಳಿದಿದ್ದನ್ನ ಆರು ತಿಂಗಳು ಬೀರುವಿನಲ್ಲಿ ಇಡೋ ಅಭ್ಯಾಸ ಇಲ್ಲಿಂದ ಸಲೀಸಾಯ್ತು. ಜಾನಿ ವಾಕರ್ ಬಾಟಲಿ ಚೌಕ ಇರೋದೂ ಶೋಕಿಗೆ ಮಾತ್ರ ಅಲ್ಲ, ಪೆಟ್ಟಿಗೆಯಲ್ಲಿ ಜಾಸ್ತಿ ಹಿಡಿಸುತ್ತೆ, ಹಡಗಿನಲ್ಲಿ ಒಡೆಯೋದು ಕಮ್ಮಿ.

ಭಾಗ 7

ಈಗ ನಮ್ಮೂರು. ಇಸ್ಲಿಂಗ್ಟನ್ ಪ್ರಶ್ನೆ ಇಲ್ಲಿ ಇನ್ನೂ ಮುಗಿದಿಲ್ಲ.

ಆಂಗಸ್ ಮೆಕ್‌ಡವೆಲ್ 1826ರಲ್ಲಿ ಮದ್ರಾಸಿನಲ್ಲಿ ಶುರು ಮಾಡಿದ್ದು ಮದ್ಯ, ಚುಟ್ಟ ಆಮದು ಮಾಡೋ ಕಂಪನಿ. 1951ರಲ್ಲಿ ಬಂಟ್ವಾಳ ಮೂಲದ ವಿಠಲ ಮಲ್ಯ ಅದನ್ನ ಕೊಂಡ್ರು. 1968ರಲ್ಲಿ ನಂಬರ್ ಒನ್ ವಿಸ್ಕಿ ಬಂತು. ಧಾನ್ಯಕ್ಕೇ ಬರ ಇದ್ದ ದೇಶದಲ್ಲಿ ಜೋಳ, ಗೋಧಿ ಭಟ್ಟಿಗೆ ಹಾಕೋದು ಯಾರಿಗೂ ಚೆನ್ನಾಗಿ ಕಾಣ್ತಿರಲಿಲ್ಲ. ಆದ್ರೆ ಸಕ್ಕರೆ ಕಾರ್ಖಾನೆಗಳಲ್ಲಿ ಕಾಕಂಬಿ ಬೇಕಾದಷ್ಟು. ಮಂಡ್ಯದ ಮೈಶುಗರ್ ಥರ ಕಾರ್ಖಾನೆ ಪಕ್ಕದಲ್ಲೇ ಡಿಸ್ಟಿಲರಿ ಇರ್ತಿತ್ತು. ಕಾಕಂಬಿಯಿಂದ ಕಂಬದ ಯಂತ್ರದಲ್ಲಿ ತೆಗೆದ ರುಚಿಯಿಲ್ಲದ ಮದ್ಯಸಾರ, ಅದಕ್ಕೆ ಸ್ವಲ್ಪ ಮಾಲ್ಟ್, ಬಣ್ಣ. ಇದೇ ಭಾರತದ ಅಗ್ಗದ ಬ್ಲೆಂಡ್‌ನ ಮೂಲ ಸೂತ್ರ. ಶಾಸ್ತ್ರ ಹಿಡಿದು ನೋಡಿದ್ರೆ ಕಬ್ಬಿನಿಂದ ಬರೋದು ರಮ್ಮಿನ ನೆಂಟ. 1909ರ ಅಳತೆಗೋಲಿಗೆ ಇದು ವಿಸ್ಕಿಯೇ ಅಲ್ಲ. ಯುರೋಪಿನ 1989ರ ನಿಯಮವೂ ಧಾನ್ಯ, ಮೂರು ವರ್ಷ ಅಂತಲೇ ಹೇಳುತ್ತೆ, ಹಾಗಾಗಿ ಅಲ್ಲಿ ಇದನ್ನ ಆ ಹೆಸರಲ್ಲಿ ಮಾರೋ ಹಾಗಿಲ್ಲ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಾಗ, ಅದನ್ನ ಕುಡೀತಿದ್ದ ಕೂಲಿಯವರ ಕೈಗೆ ಬಂದಿದ್ದು "ವಿಸ್ಕಿ" ಅಂತ ಅಚ್ಚಾದ ಸಣ್ಣ ಪೊಟ್ಟಣ. ಹಿಂದೆಯೂ ಕಾಕಂಬಿ, ಈಗಲೂ ಬಹುತೇಕ ಕಾಕಂಬಿ. ಹೆಸರು ಬದಲಾಯ್ತು, ರೇಟು ಏರ್ತು. ಹೆಸರಿನ ಜಗಳ ಶ್ರೀಮಂತರ ಶೋಕಿ ಅಂತ ಅನ್ಸಿದ್ರೆ ಇದನ್ನ ಒಂದು ನಿಮಿಷ ಯೋಚಿಸಿ.

ಇದೇ ಬೆಂಗಳೂರಲ್ಲಿ 1948ರಲ್ಲಿ ಶುರುವಾದ ಅಮೃತ್ 2004ರಲ್ಲಿ ಬಾರ್ಲಿಯ ಸಿಂಗಲ್ ಮಾಲ್ಟನ್ನ ನೇರ ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿ ಬಂತು. ಅದು ಬೇರೆಯೇ ಸರಣಿಗೆ ಆಗೋವಷ್ಟು ಕಥೆ.

ಭಾಗ 8

ಹಂಗಾದ್ರೆ ವಯಸ್ಸಾದೋರು, ಕೊಳ್ಳಲೇಬೇಕು ಅನ್ನೋರು, ಏನು ನೋಡಬೇಕು? ಮುಂದಿನ ಚಿತ್ರ ಅಲ್ಲ, ಹಿಂದಿನ ಸಣ್ಣ ಅಕ್ಷರ. "ಬ್ಲೆಂಡೆಡ್ ಸ್ಕಾಚ್ ವಿಸ್ಕಿ" ಅಂತ ಪೂರ್ತಿ ಇದ್ರೆ ಒಳಗಿರೋದು ಪೂರಾ ಧಾನ್ಯದ್ದು, ಕನಿಷ್ಠ ಮೂರು ವರ್ಷ ಪೀಪಾಯಿ ಕಂಡಿದ್ದು. 12 ಅಂತ ಸಂಖ್ಯೆ ಇದ್ರೆ ಅದು ಬ್ಲೆಂಡಿನ ಅತಿ ಕಿರಿಯ ವಿಸ್ಕಿಯ ವಯಸ್ಸು, ಸರಾಸರಿ ಅಲ್ಲ. ಸ್ಕಾಟ್ಲೆಂಡಿನಿಂದ ಪೀಪಾಯಿಯಲ್ಲಿ ಬಂದು ಇಲ್ಲಿ ಬಾಟಲಿಗೆ ತುಂಬಿದ ಟೀಚರ್ಸ್, ವ್ಯಾಟ್ 69, 100 ಪೈಪರ್ಸ್ ಥರದವು ಸ್ಕಾಚೇ, ಬೆಲೆ ಇಳಿಯೋದು ಬಾಟಲಿ ಇಲ್ಲಿ ತುಂಬಿದ್ದಕ್ಕೆ. ಕಪಾಟಿನಲ್ಲಿ ಒಂದೇ ಬಾಟಲಿ ಅಂದ್ರೆ ನಾನು ಈ ಸಾಲಿನಿಂದಲೇ ಆರಿಸ್ತೀನಿ. ಸ್ಕಾಚ್ ಕಣ್ರೀ ಅಂತ ಜೋರಾಗಿ ಹೇಳ್ತಾ, ಒಳಗೆ ಸ್ಕಾಚ್ ಮಾಲ್ಟ್ ಬರೀ ಬೆರೆಸಿರೋ ಭಾರತೀಯ ಬ್ಲೆಂಡ್ ಬೇರೆ. ಅದು ಕೆಟ್ಟದ್ದು ಅಂತಲ್ಲ, ಬೇರೆ.

ನಮ್ಮ ಬಾಟಲಿ ಮೇಲೆ 42.8 ಅನ್ನೋ ವಿಚಿತ್ರ ಸಂಖ್ಯೆ ಯಾಕೆ ಅಂತ ಕೇಳಿದವರಿಗೆ: ಹಳೇ ಬ್ರಿಟಿಷ್ ಲೆಕ್ಕದಲ್ಲಿ 100 ಪ್ರೂಫ್ ಅಂದ್ರೆ ಸುಮಾರು ಶೇಕಡಾ 57. ಅದರ ಮುಕ್ಕಾಲು, 75 ಪ್ರೂಫ್, ಅಂದ್ರೆ 42.8. ಬ್ರಿಟನ್ನೇ ಆ ಅಳತೆ ಬಿಟ್ಟಿದೆ, ನಾವು ಬಿಟ್ಟಿಲ್ಲ.

ಬೆಲೆಯಲ್ಲಿ ದೊಡ್ಡ ಪಾಲು ತೆರಿಗೆ, ಹಾಗಾಗಿ ದುಪ್ಪಟ್ಟು ರೇಟಿಗೆ ದುಪ್ಪಟ್ಟು ರುಚಿ ಇರಲ್ಲ. ಸ್ಕಾಚಿಗೆ ಆಮದು ಸುಂಕ ಶೇಕಡಾ 150 ಇತ್ತು. 2025ರ ಜುಲೈನಲ್ಲಿ ಸಹಿ ಆದ ಬ್ರಿಟನ್ ಒಪ್ಪಂದದ ಪ್ರಕಾರ ಅದು ಮೊದಲು 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳೀಬೇಕು. ಅಂಗಡಿ ರೇಟು ಅಷ್ಟೇ ಇಳಿಯುತ್ತೆ ಅಂತ ಕನಸು ಕಾಣಬೇಡಿ, ರಾಜ್ಯದ ಅಬಕಾರಿ ಸುಂಕ ಬೇರೆ ಲೆಕ್ಕ.

ತಂದ ಮೇಲೆ ಬಾಟಲಿ ನಿಲ್ಲಿಸಿ ಇಡಿ, ವೈನ್ ಥರ ಮಲಗಿಸಿದ್ರೆ ಮದ್ಯಸಾರ ಕಾರ್ಕನ್ನ ತಿನ್ನುತ್ತೆ. ಬಿಸಿಲು ಬೀಳದ ಜಾಗ ಸಾಕು, ಫ್ರಿಜ್ ಬೇಡ. ಅರ್ಧಕ್ಕಿಂತ ಕೆಳಗೆ ಇಳಿದ ಬಾಟಲಿಯಲ್ಲಿ ಗಾಳಿ ಜಾಸ್ತಿ, ತಿಂಗಳುಗಟ್ಟಲೆ ಬಿಟ್ರೆ ಘಮ ಮಂಕಾಗುತ್ತೆ. ವಿಸ್ಕಿಗೆ ವಯಸ್ಸಾಗೋದು ಮರದ ಪೀಪಾಯಿಯಲ್ಲಿ ಮಾತ್ರ, ಗಾಜಿನಲ್ಲಿ ಅಲ್ಲ. ಮಾವ 1995ರಲ್ಲಿ ಮಿಲಿಟರಿ ಕ್ಯಾಂಟೀನಿಂದ ತಂದು ಸೀಲ್ ಒಡೆಯದೇ ಬೀರುವಿನಲ್ಲಿ ಇಟ್ಟಿರೋ ಬಾಟಲಿಗೆ ಇವತ್ತಿಗೂ ಅದು ತುಂಬಿದ ದಿನದ ವಯಸ್ಸೇ.

#ಬಾಟಲಿಯಇತಿಹಾಸ #ಕನ್ನಡದಲ್ಲಿಇತಿಹಾಸ