ಮೂಸಿಯ ನೆರೆ ಮತ್ತು ಹೈದರಾಬಾದಿನ ನೆರೆಹೊರೆ

ಕನ್ನಡದಲ್ಲಿ ‘ನೆರೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಒಂದು, ಉಕ್ಕಿ ಬರುವ ಪ್ರವಾಹ. ಇನ್ನೊಂದು, ಪಕ್ಕದ ಮನೆ, ಸಮೀಪ. ಮೂಲದಲ್ಲಿ ಇವೆರಡೂ ಬೇರೆ ಬೇರೆ ಶಬ್ದಗಳೆಂದು ನಿಘಂಟುಕಾರರ ಮತ. ‘ತುಂಬು’ ಎಂಬ ಅರ್ಥದ ಧಾತುವನ್ನು ಹಳಗನ್ನಡದಲ್ಲಿ ಶಕಟರೇಫದಿಂದ ಬರೆಯುತ್ತಿದ್ದರು; ‘ಕೂಡು’ ಎಂಬ ಅರ್ಥದ್ದನ್ನು ಸಾಮಾನ್ಯ ರೇಫದಿಂದ ಬರೆಯುತ್ತಿದ್ದರು. ಕಾಲಕ್ರಮದಲ್ಲಿ ಶಕಟರೇಫವು ಬಳಕೆ ತಪ್ಪಿತು. ಎರಡು ಮಾತುಗಳೂ ಒಂದೇ ರೂಪ ತಾಳಿದವು. ಶಬ್ದಶಾಸ್ತ್ರದ ದೃಷ್ಟಿಯಿಂದ ಇದು ಆಕಸ್ಮಿಕವೇ ಸರಿ. ಆದರೆ ನಾವು ನೆಲೆಸಿರುವ ಈ ಹೈದರಾಬಾದು ನಗರದ ಇತಿಹಾಸವನ್ನು ನೋಡಿದಾಗ, ಆ ಆಕಸ್ಮಿಕದಲ್ಲಿಯೂ ಒಂದು ಅರ್ಥವಿರುವಂತೆ ತೋರುತ್ತದೆ. ೧೯೦೮ನೆಯ ಇಸವಿ ಸೆಪ್ಟೆಂಬರ್ ೨೮ರಂದು ಮೂಸಿ ನದಿಗೆ ಬಂದ ಮಹಾಪೂರದ ಕಥೆ ಒಂದು ನೆರೆಯ ಕಥೆ ಮಾತ್ರವಲ್ಲ, ನೆರೆಹೊರೆಯ ಕಥೆಯೂ ಹೌದು.

ಈ ಪೂರವನ್ನು ಕುರಿತು ಬರೆದವರಲ್ಲಿ ಹಲವರು ಅರಸನ ಔದಾರ್ಯವನ್ನೂ ಇಂಜಿನಿಯರರ ಪ್ರತಿಭೆಯನ್ನೂ ವಿಸ್ತಾರವಾಗಿ ವರ್ಣಿಸಿದ್ದಾರೆ. ಅದು ಯುಕ್ತವೇ. ಆದರೆ ಅರಸನ ಆಜ್ಞೆ ಹೊರಡುವ ಮುನ್ನ, ಇಂಜಿನಿಯರರು ಬರುವುದಕ್ಕೆ ಆರು ತಿಂಗಳಿಗೂ ಮುನ್ನ, ಆ ಒಂದು ಕತ್ತಲ ರಾತ್ರಿಯಲ್ಲಿ ಜನರನ್ನು ಉಳಿಸಿದವರು ಯಾರು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಆ ಘಟನೆಯನ್ನು ಮತ್ತೊಮ್ಮೆ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನದಿ ಮತ್ತು ನಗರ

ಮೂಸಿ ಹುಟ್ಟುವುದು ನಗರಕ್ಕೆ ಪಶ್ಚಿಮದಲ್ಲಿ, ವಿಕಾರಾಬಾದಿನ ಬಳಿಯ ಅನಂತಗಿರಿ ಬೆಟ್ಟಗಳಲ್ಲಿ. ಅಲ್ಲಿಂದ ಪೂರ್ವಕ್ಕೆ ಹರಿದು, ನಗರದ ಸಮೀಪ ಈಸಿ ಎಂಬ ಉಪನದಿಯನ್ನು ಕೂಡಿಕೊಂಡು, ನಗರವನ್ನು ಎರಡು ಭಾಗವಾಗಿ ಸೀಳಿ, ಕಡೆಗೆ ನಲಗೊಂಡ ಜಿಲ್ಲೆಯ ವಾಡಪಲ್ಲಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ವರ್ಷದ ಬಹುಭಾಗ ಇದು ಬಡ ನದಿ. ಬೇಸಗೆಯಲ್ಲಿ ಮರಳಿನ ನಡುವೆ ಒಂದು ನೀರಿನ ಗೆರೆಯಾಗಿ ಉಳಿಯುತ್ತಿದ್ದ ಈ ಹೊಳೆಯನ್ನು ದಂಡೆಯ ಜನ ಭಯದಿಂದ ನೋಡುತ್ತಿರಲಿಲ್ಲ. ಭಯವಿಲ್ಲದ ಕಡೆ ಮನೆಗಳು ಹತ್ತಿರ ಹತ್ತಿರ ಬರುತ್ತವೆ. ಹಾಗೆಯೇ ಅಫಜಲಗಂಜ್, ಕೋಲಸಾವಾಡಿ ಮುಂತಾದ ಕೇರಿಗಳು ನದಿಯ ಮಗ್ಗುಲಲ್ಲಿ ಕಿಕ್ಕಿರಿದು ಬೆಳೆದವು. ಮೂಸಿಗೆ ಹಿಂದೆ ಪೂರ ಬಂದಿರಲಿಲ್ಲವೆಂದಲ್ಲ. ೧೮೩೧ರಲ್ಲಿ ಬಂದಿತ್ತು, ೧೯೦೩ರಲ್ಲಿ, ಎಂದರೆ ಮಹಾಪೂರಕ್ಕೆ ಕೇವಲ ಐದು ವರ್ಷ ಮುಂಚೆ, ಮತ್ತೆ ಬಂದಿತ್ತು. ಆದರೆ ನೀರಿಳಿದ ಮೇಲೆ ನೆನಪೂ ಇಳಿಯುವುದು ನಗರಗಳ ಸ್ವಭಾವ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ನಗರದ ಮೇಲ್ಭಾಗದ ಜಲಾನಯನ ಪ್ರದೇಶವು ಸುಮಾರು ೮೬೦ ಚದರ ಮೈಲಿಯಷ್ಟಿತ್ತು. ಅದರಲ್ಲಿ ೭೮೮ ಕೆರೆಗಳಿದ್ದವು. ಹೆಚ್ಚು ಕಡಮೆ ಒಂದೊಂದು ಚದರ ಮೈಲಿಗೆ ಒಂದೊಂದು ಕೆರೆ. ಕೆರೆಕಟ್ಟೆಗಳ ನಾಡಿನಿಂದ ಬಂದ ನಮಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಹೀಗೆ ಒಂದೊಂದು ಊರೂ ತನ್ನ ಕೆಳಗಿನ ಊರಿಗೆ ನೀರಿನ ನೆರೆಮನೆ. ನಮ್ಮ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಮುಂತಾದ ದತ್ತಿಗಳು ಮತ್ತೆ ಮತ್ತೆ ಕಾಣುವುದಕ್ಕೆ ಕಾರಣವೂ ಇದೇ. ಒಂದು ಏರಿಯನ್ನು ಭದ್ರವಾಗಿಡುವುದು ಒಂದು ಊರಿನ ಪುಣ್ಯಕಾರ್ಯ ಮಾತ್ರವಲ್ಲ. ಕೆಳಗಿನ ಹತ್ತು ಊರುಗಳ ಕ್ಷೇಮ ಅದನ್ನು ಆಶ್ರಯಿಸಿರುತ್ತದೆ.

ಆ ರಾತ್ರಿ

ಸೆಪ್ಟೆಂಬರ್ ೨೫ರಂದು ಅಮಾವಾಸ್ಯೆ ಕಳೆದಿತ್ತು. ಹಿಂದೂಗಳ ಮನೆಗಳಲ್ಲಿ ನವರಾತ್ರಿಯ ಮೊದಲ ದಿನಗಳು. ಮುಸಲ್ಮಾನರ ಮನೆಗಳಲ್ಲಿ ರಂಜಾನ್ ತಿಂಗಳ ಆರಂಭ. ೨೬ರಿಂದಲೇ ಮಳೆ ಹಿಡಿದಿತ್ತು. ೨೭ರ ರಾತ್ರಿ ಅದು ಮಳೆಯೆಂಬ ಹೆಸರನ್ನು ಮೀರಿತು. ನಗರದ ದಕ್ಷಿಣಕ್ಕಿರುವ ಶಂಷಾಬಾದಿನ ಮಳೆಮಾಪನ ಕೇಂದ್ರದಲ್ಲಿ ೨೪ ಗಂಟೆಗಳಲ್ಲಿ ೧೨.೮ ಅಂಗುಲ, ೪೮ ಗಂಟೆಗಳಲ್ಲಿ ಸುಮಾರು ೧೮.೯ ಅಂಗುಲ ಮಳೆ ದಾಖಲಾಯಿತು. ವರ್ಷಕ್ಕೆ ಮೂವತ್ತು ಅಂಗುಲದ ಆಸುಪಾಸಿನ ಮಳೆ ಕಾಣುವ ಸೀಮೆಯಲ್ಲಿ ಎರಡು ದಿನಗಳಿಗೆ ಇಷ್ಟು!

ಬರಿಯ ಮಳೆಯಿಂದಲೇ ಆ ಅನರ್ಥವಾಗಲಿಲ್ಲ. ಮೇಲಿನ ಕೆರೆಗಳು ಒಂದರ ಹಿಂದೊಂದು ಒಡೆದವು. ಒಂದು ಕೆರೆಯ ಏರಿ ಒಡೆದರೆ ಆ ನೀರಿನ ಹೊಡೆತವನ್ನು ಕೆಳಗಿನ ಕೆರೆಯ ಕೋಡಿ ತಡೆಯಲಾರದು. ನೀರು ಏರಿಯ ಮೇಲೆ ಹತ್ತಿ ಹರಿಯುತ್ತದೆ. ಮಣ್ಣಿನ ಏರಿ ಕೊಚ್ಚಿಹೋಗುತ್ತದೆ. ಹೀಗೆ ಒಡೆದ ಕೆರೆಗಳ ಸಂಖ್ಯೆ ೨೨೧ ಎಂದು ಅನಂತರದ ತನಿಖೆಯಿಂದ ತಿಳಿದುಬಂದಿತು. ಕೂಡಿಕೂಡಿ ಬಂದ ಆ ನೀರೆಲ್ಲವೂ ನಗರವನ್ನು ಮುಟ್ಟಿದಾಗ ಪ್ರವಾಹದ ಪರಮಾವಧಿ ಸೆಕೆಂಡಿಗೆ ಸುಮಾರು ೪,೨೫,೦೦೦ ಘನ ಅಡಿಯಷ್ಟಿತ್ತೆಂದು ಲೆಕ್ಕ ಹಾಕಿದ್ದಾರೆ.

ಮಧ್ಯರಾತ್ರಿ ಕಳೆದ ಮೇಲೆ ನೀರು ದಂಡೆ ಮೀರಿತು. ಸೋಮವಾರದ ಬೆಳಗು ಹರಿಯುವಷ್ಟರಲ್ಲಿ ಕೇರಿಗಳೇ ಇರಲಿಲ್ಲ. ಅಫಜಲಗಂಜ್, ಮುಸಲ್ಲಂಜಂಗ್, ಚಾದರಘಾಟ್ ಸೇತುವೆಗಳು ಮುರಿದುಹೋದವು. ೧೫೭೮ರಲ್ಲಿ ಇಬ್ರಾಹಿಂ ಕುತುಬ್ ಷಾಹನ ಕಾಲದಲ್ಲಿ ಕಟ್ಟಿದ ಪುರಾನಾಪುಲ್ ಮಾತ್ರ ನಿಂತು, ಎರಡು ದಂಡೆಗಳ ನಡುವಣ ನಂಟನ್ನು ಉಳಿಸಿತು. ಸತ್ತವರು ಹದಿನೈದು ಸಾವಿರ ಎಂಬ ಸಂಖ್ಯೆ ಸಾಮಾನ್ಯವಾಗಿ ಪ್ರಚಾರದಲ್ಲಿದೆ. ಅದಕ್ಕಿಂತ ಬಹಳ ಹೆಚ್ಚೆಂದು ಹೇಳುವವರೂ ಇದ್ದಾರೆ. ಸಂಖ್ಯೆಗಳಿಗಿಂತ ಒಬ್ಬ ಮನುಷ್ಯನ ಕಥೆ ಹೆಚ್ಚು ಹೇಳುತ್ತದೆ. ಮುಂದೆ ರುಬಾಯಿಗಳ ಕವಿಯೆಂದು ಉರ್ದು ಸಾಹಿತ್ಯದಲ್ಲಿ ಪ್ರಖ್ಯಾತನಾದ ಅಮ್ಜದ್ ಹೈದರಾಬಾದಿ ಆ ದಿನ ತಾಯಿಯನ್ನೂ ಹೆಂಡತಿಯನ್ನೂ ಮಗಳನ್ನೂ ಕಳೆದುಕೊಂಡನು. ಆ ಮನೆಯಲ್ಲಿ ಉಳಿದವನು ಅವನೊಬ್ಬನೇ. ಅವನ ಕಾವ್ಯದ ವೈರಾಗ್ಯವನ್ನು ವಿಮರ್ಶಿಸುವವರು ಈ ಸಂಗತಿಯನ್ನು ಮರೆಯಲಾರರು.

ಹುಣಿಸೆಯ ಮರ

ಇಂದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ, ನದಿಯ ಉತ್ತರ ದಂಡೆಯಲ್ಲಿ, ಒಂದು ಹಳೆಯ ಹುಣಿಸೆಯ ಮರವಿದೆ. ಅಂದು ಆ ಎಡೆಯಲ್ಲಿದ್ದುದು ಅಫಜಲಗಂಜಿನ ಹಳೆಯ ಆಸ್ಪತ್ರೆ. ನೀರು ಏರಿದಾಗ ಸುಮಾರು ನೂರೈವತ್ತು ಮಂದಿ ಈ ಮರವನ್ನು ಹತ್ತಿ, ಅದರ ಕೊಂಬೆಗಳನ್ನು ಅಪ್ಪಿಕೊಂಡು ಪ್ರಾಣ ಉಳಿಸಿಕೊಂಡರು. ಇತಿಹಾಸದ ಆಧಾರಗಳೆಂದರೆ ಶಾಸನ, ಫರ್ಮಾನು, ವರದಿ ಎಂದು ಎಣಿಸುವ ನಾವು ಇಂಥ ಒಂದು ಮರವನ್ನೂ ಆಧಾರವೆಂದು ಎಣಿಸಬೇಕೆಂದು ನನ್ನ ಅಭಿಪ್ರಾಯ.

ಒಂದು ಮರಕ್ಕೆ ನೂರೈವತ್ತು ಜನ ಎಂದರೆ ಏನು? ಮೊದಲು ಹತ್ತಿದವನು ಮುಂದಿನವನಿಗೆ ಎಡೆ ಬಿಡಬೇಕು. ಹತ್ತಲಾರದವರಿಗೆ ಕೈ ಕೊಡಬೇಕು. ಮಕ್ಕಳನ್ನು ಮೇಲಿನ ಕೊಂಬೆಗೆ ದಾಟಿಸಬೇಕು. ಕೊಂಬೆ ಭಾರ ತಾಳಲಾರದೆಂಬ ಭಯದಿಂದ ಯಾರನ್ನಾದರೂ ತಳ್ಳಿದ್ದರೆ ಅಷ್ಟು ಮಂದಿ ಉಳಿಯುವುದು ಸಾಧ್ಯವಿರಲಿಲ್ಲ. ಆ ಕೊಂಬೆಗಳ ಮೇಲೆ ಕುಳಿತವರ ಹೆಸರುಗಳು ಯಾವ ದಫ್ತರದಲ್ಲಿಯೂ ಪ್ರಸಿದ್ಧವಾಗಿಲ್ಲ. ಆದರೆ ಅವರು ಒಬ್ಬರಿಗೊಬ್ಬರು ನೆರೆಯವರಾದರು ಎಂಬುದಕ್ಕೆ ಆ ಸಂಖ್ಯೆಯೇ ಸಾಕ್ಷಿ.

ನೀರಿಳಿದ ಬಳಿಕ ಎರಡನೆಯ ಕಷ್ಟ ಆರಂಭವಾಯಿತು. ಹಸಿವು, ಹೆಣಗಳು, ಒದ್ದೆಯ ಮೈ, ಒಲೆಯಿಲ್ಲದ ಮನೆ. ಅಂದಿನ ನಿಜಾಮ್ ಮೀರ್ ಮಹಬೂಬ್ ಅಲೀ ಖಾನರು ಅರಮನೆಯ ಬಾಗಿಲುಗಳನ್ನು ನಿರಾಶ್ರಿತರಿಗೆ ತೆರೆಸಿದರು. ಮಹಾರಾಜಾ ಕಿಷನ್ ಪ್ರಸಾದರು ಆಗ ಪ್ರಧಾನಿಗಳು. ನಗರದಲ್ಲಿ ಅನ್ನಛತ್ರಗಳು ನಡೆದವು. ನೊಂದವರ ಸೇವೆಗೆ ಮುಂದೆ ಬಂದವರಲ್ಲಿ ಸರೋಜಿನಿ ನಾಯಿಡು ಅವರೂ ಒಬ್ಬರು. ಆ ಸೇವೆಗಾಗಿ ತಮಗೆ ದೊರೆತ ಕೈಸರ್-ಇ-ಹಿಂದ್ ಪದಕವನ್ನು ಅವರು ಜಲಿಯನ್‌ವಾಲಾ ಬಾಗಿನ ಹತ್ಯೆಯ ಅನಂತರ ಹಿಂದಿರುಗಿಸಿದರು. ನಿಜಾಮರು ಸ್ವತಃ ನದಿಯ ಬಳಿಗೆ ಬಂದು ಹಿಂದೂ ಪದ್ಧತಿಯಂತೆ ಮೂಸಿಗೆ ಪೂಜೆ ಸಲ್ಲಿಸಿದರೆಂಬ ಐತಿಹ್ಯವೂ ಜನರ ಬಾಯಲ್ಲಿ ಉಳಿದುಬಂದಿದೆ. ಅದು ನಡೆದುದೋ ಇಲ್ಲವೋ ಎಂಬ ಚರ್ಚೆ ಒಂದು ಕಡೆಗಿರಲಿ. ತಮ್ಮ ದೊರೆ ಹಾಗೆ ಮಾಡಿದನೆಂದು ನಂಬಲು ಈ ನಗರದ ಜನಕ್ಕೆ ಯಾವ ಅಡ್ಡಿಯೂ ತೋರಲಿಲ್ಲವೆಂಬುದೇ ಇತಿಹಾಸದ ದೃಷ್ಟಿಯಿಂದ ಬೆಲೆಯುಳ್ಳ ಮಾತು.

ಮುದ್ದೇನಹಳ್ಳಿಯಿಂದ ಬಂದ ಇಂಜಿನಿಯರರು

ಇಲ್ಲಿಂದ ಮುಂದಿನ ಕಥೆಯಲ್ಲಿ ಕನ್ನಡ ನಾಡಿನ ಸಂಬಂಧ ನೇರವಾಗಿ ಬರುತ್ತದೆ. ಮುಂಬಯಿ ಸರ್ಕಾರದ ಸೇವೆಯಿಂದ ನಿವೃತ್ತರಾಗುತ್ತಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಆಗ ಯುರೋಪಿನ ಪ್ರವಾಸದಲ್ಲಿದ್ದರು. ಹೈದರಾಬಾದು ಸರ್ಕಾರದ ಕರೆ ಅವರಿಗೆ ಅಲ್ಲಿಯೇ ಮುಟ್ಟಿತು. ೧೯೦೯ರ ಏಪ್ರಿಲ್ ತಿಂಗಳಲ್ಲಿ ಅವರು ಇಲ್ಲಿಗೆ ಬಂದು ಕೆಲಸ ವಹಿಸಿಕೊಂಡರು. ಮಳೆಯ ಅಂಕಿಗಳು, ಒಡೆದ ಕೆರೆಗಳ ಲೆಕ್ಕ, ನೀರು ಮುಟ್ಟಿದ ಮಟ್ಟದ ಗುರುತುಗಳು, ಇವೆಲ್ಲವನ್ನೂ ಕಲೆಹಾಕಿ ಅದೇ ವರ್ಷ ವರದಿ ಒಪ್ಪಿಸಿದರು.

ಅವರ ಸಲಹೆಯ ತಿರುಳು ಇದು: ನಗರದೊಳಗೆ ಎಷ್ಟು ಎತ್ತರದ ಗೋಡೆ ಕಟ್ಟಿದರೂ ಸಾಲದು, ನೀರನ್ನು ನಗರದ ಮೇಲೆಯೇ, ಮೂಸಿ ಮತ್ತು ಈಸಿ ನದಿಗಳೆರಡಕ್ಕೂ ಜಲಾಶಯಗಳನ್ನು ಕಟ್ಟಿ ತಡೆಹಿಡಿಯಬೇಕು, ಪೂರದ ನೀರನ್ನು ಅಲ್ಲಿ ನಿಲ್ಲಿಸಿ ಮೆಲ್ಲಗೆ ಬಿಡಬೇಕು. ಜೊತೆಗೆ ನಗರದ ದಂಡೆಗಳನ್ನು ಎತ್ತರಿಸಿ, ಅಲ್ಲಿ ಮನೆಗಳ ಬದಲು ತೋಟಗಳನ್ನೂ ಬೀದಿಗಳನ್ನೂ ಮಾಡಬೇಕು. ಒಳಚರಂಡಿಯ ವ್ಯವಸ್ಥೆಯನ್ನೂ ಮಾಡಬೇಕು. ಈ ಯೋಜನೆಯ ಪ್ರಕಾರ ಮೂಸಿಗೆ ಉಸ್ಮಾನ್ ಸಾಗರವು ೧೯೨೦ರಲ್ಲಿ, ಈಸಿಗೆ ಹಿಮಾಯತ್ ಸಾಗರವು ೧೯೨೭ರಲ್ಲಿ ಪೂರ್ಣವಾದವು. ಇವು ಪೂರವನ್ನು ತಡೆದುದಲ್ಲದೆ ದೀರ್ಘಕಾಲ ನಗರಕ್ಕೆ ಕುಡಿಯುವ ನೀರನ್ನೂ ಒದಗಿಸಿದವು. ೧೯೧೨ರಲ್ಲಿ ನಗರಾಭಿವೃದ್ಧಿಗಾಗಿ ಒಂದು ಮಂಡಳಿ ಸ್ಥಾಪಿತವಾಯಿತು. ನದಿಯ ಎರಡು ದಂಡೆಗಳಲ್ಲಿ ಎದುರುಬದುರಾಗಿ ನಿಂತಿರುವ ಹೈಕೋರ್ಟು ಮತ್ತು ಉಸ್ಮಾನಿಯಾ ಆಸ್ಪತ್ರೆಯ ಭವ್ಯ ಕಟ್ಟಡಗಳೂ ಈ ಪುನರ್ನಿರ್ಮಾಣದ ಕಾಲದವು.

ವಿಶ್ವೇಶ್ವರಯ್ಯನವರು ೧೯೦೯ರ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಇಂಜಿನಿಯರರಾಗಿ ತೆರಳಿದರು. ಮೂಸಿಯನ್ನು ಕುರಿತು ಚಿಂತಿಸಿದ ಅದೇ ಬುದ್ಧಿ ಬಳಿಕ ಕನ್ನಂಬಾಡಿಯಲ್ಲಿ ಕಾವೇರಿಯನ್ನು ಕುರಿತು ಚಿಂತಿಸಿತು. ಕನ್ನಂಬಾಡಿಯನ್ನು ನೆನೆಯುವ ನಾವು ಗಂಡಿಪೇಟೆಯ ಉಸ್ಮಾನ್ ಸಾಗರವನ್ನೂ ಅದರೊಡನೆ ನೆನೆಯುವುದು ಉಚಿತ. ಆದರೆ ಅವರ ಹಿರಿಮೆಯನ್ನು ಹೇಳುವಾಗ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಗರದ ಕ್ಷೇಮ ನಗರದ ಹೊರಗಿದೆ, ಮೇಲಿನ ಊರಿನ ಕೆರೆಯ ಏರಿಯಲ್ಲಿದೆ ಎಂಬ ಸತ್ಯ ಆ ವರದಿಗೆ ಬುನಾದಿ. ಹಳ್ಳಿಯ ನೀರುಗಂಟಿ ಬಲ್ಲ ವಿವೇಕವನ್ನೇ ಅವರು ಗಣಿತದಿಂದ ಸ್ಥಾಪಿಸಿದರು.

ಅನಂತರದ ಕಾಲ

ಈ ವಿವೇಕ ಮುಂದೆ ಉಳಿಯಿತೆ? ೧೯೯೬ರಲ್ಲಿ ಅಂದಿನ ಆಂಧ್ರಪ್ರದೇಶ ಸರ್ಕಾರವು ೧೧೧ನೆಯ ಸಂಖ್ಯೆಯ ಆಜ್ಞೆ ಹೊರಡಿಸಿ, ಎರಡು ಜಲಾಶಯಗಳ ಸುತ್ತ ಹತ್ತು ಕಿಲೋಮೀಟರ್ ಒಳಗೆ ಬಡಾವಣೆಗಳನ್ನೂ ಕಾರ್ಖಾನೆಗಳನ್ನೂ ನಿರ್ಬಂಧಿಸಿತು. ೨೦೨೨ರಲ್ಲಿ ತೆಲಂಗಾಣ ಸರ್ಕಾರವು ಆ ನಿರ್ಬಂಧವನ್ನು ತೆಗೆದುಹಾಕಿತು. ಇತ್ತ ನಗರದೊಳಗಿನ ಕೆರೆಗಳಲ್ಲಿ ಹಲವು ಮನೆಗಳಾದವು. ಕೋಡಿಯ ಕಾಲುವೆಗಳು ಬೀದಿಗಳಾದವು. ಆದಕಾರಣ, ನದಿಗೆ ಪೂರ ಬಾರದಿದ್ದರೂ ಬೀದಿಗೆ ಪೂರ ಬರುವ ಸ್ಥಿತಿ ಒದಗಿತು. ೨೦೦೦ದ ಆಗಸ್ಟಿನಲ್ಲಿ ಒಮ್ಮೆ ಹೀಗಾಯಿತು. ೨೦೨೦ರ ಜುಲೈಯಲ್ಲಿ ಮಳೆಯ ನೀರು ಉಸ್ಮಾನಿಯಾ ಆಸ್ಪತ್ರೆಯ ವಾರ್ಡುಗಳಿಗೇ ನುಗ್ಗಿತು. ಅದೇ ವರ್ಷ ಅಕ್ಟೋಬರ್ ೧೩ರಂದು ಹೊರವಲಯದ ಘಟಕೇಸರದಲ್ಲಿ ಒಂದೇ ದಿನ ಸುಮಾರು ೩೨ ಸೆಂಟಿಮೀಟರ್ ಮಳೆಯಾಯಿತು. ನಗರದಲ್ಲಿ ಕೆರೆಗಳು ಮತ್ತೆ ಒಡೆದವು.

ಆ ಅಕ್ಟೋಬರಿನ ರಾತ್ರಿ ಈ ಲೇಖಕನ ಬೀದಿಯಲ್ಲಿ ಕೆಳಮನೆಗಳಿಗೆ ನೀರು ಹೊಕ್ಕಿತು. ಸಾಂಕ್ರಾಮಿಕದ ಭಯದಿಂದ ಏಳು ತಿಂಗಳು ಬಾಗಿಲು ಮುಚ್ಚಿಕೊಂಡಿದ್ದ ಮಾಳಿಗೆಯ ಮನೆಗಳ ಬಾಗಿಲುಗಳು ಅಂದು ತಾವಾಗಿ ತೆರೆದವು. ತೆಲುಗು ಮಾತಿನ ಮನೆಯ ಅನ್ನ, ಉರ್ದು ಮಾತಿನ ಮನೆಯ ಚಹಾ, ಬೀದರ ಕಡೆಯ ಕನ್ನಡ ಮಾತಿನ ಮನೆಯ ರೊಟ್ಟಿ ಒಂದೇ ಮೆಟ್ಟಿಲಿನ ಮೇಲೆ ಕೈಯಿಂದ ಕೈಗೆ ದಾಟಿದವು. ಬೆಳಗಿನ ತನಕ ಅಲ್ಲಿ ಯಾರೂ ಯಾರ ಜಾತಿಯನ್ನೂ ಊರನ್ನೂ ಕೇಳಲಿಲ್ಲ. ನಾನು ಆಗ ಹುಣಿಸೆಯ ಮರವನ್ನು ನೆನೆದೆನು.

ಉಪಸಂಹಾರ

ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ ಹೈದರಾಬಾದು ಒಂದು ಕಾಲದಲ್ಲಿ ರಾಜಧಾನಿ. ೧೯೫೬ರ ನವೆಂಬರ್ ೧ರಂದು ಆ ಜಿಲ್ಲೆಗಳು ವಿಶಾಲ ಮೈಸೂರನ್ನು ಸೇರಿದ ಮೇಲೆ ಇಲ್ಲಿ ಉಳಿದ ಕನ್ನಡಿಗರು ಹೊರನಾಡಿಗರಾದರು. ಹೊರನಾಡಿಗರು ತಮ್ಮ ನಾಡಿನ ಇತಿಹಾಸವನ್ನು ಪ್ರೀತಿಯಿಂದ ಓದುತ್ತಾರೆ. ತಾವು ನಿಂತ ನೆಲದ ಇತಿಹಾಸವನ್ನು ಅನ್ಯರದೆಂದು ಭಾವಿಸುತ್ತಾರೆ. ಇದು ತಪ್ಪೆಂದು ನನ್ನ ನಮ್ರ ವಿನಂತಿ. ನೀರು ಏರಿದಾಗ ನಮ್ಮ ಕೈ ಹಿಡಿಯುವವರು ನೂರಾರು ಮೈಲಿ ದೂರದ ಬಂಧುಗಳಲ್ಲ, ಪಕ್ಕದ ಮನೆಯವರು. ಅವರ ಅಜ್ಜ ಮುತ್ತಜ್ಜಂದಿರ ನೆನಪು ನಮ್ಮ ನೆನಪೂ ಆಗಬೇಕು.

೧೯೦೮ರ ಪೂರ ಎರಡು ಪಾಠಗಳನ್ನು ಬಿಟ್ಟುಹೋಯಿತು. ಮೊದಲನೆಯದು ಮೇಲಿನ ಕೆರೆಯ ಪಾಠ: ಅದನ್ನು ಸರ್ಕಾರಗಳು ಕಲಿತವು, ಮರೆತವು, ಮತ್ತೆ ಕಲಿಯದೆ ಗತ್ಯಂತರವಿಲ್ಲ. ಎರಡನೆಯದು ಮರದ ಕೊಂಬೆಯ ಪಾಠ: ಅದನ್ನು ಯಾರೂ ಬರೆದಿಡಲಿಲ್ಲ, ಆದರೂ ಜನ ಮರೆತಿಲ್ಲ. ಕೆರೆಯನ್ನು ಕಾಯದ ಊರಿನಲ್ಲಿ ಕೊಂಬೆಯೊಂದನ್ನೇ ನಂಬಿ ಬಾಳುವುದು ಜಾಣತನವಲ್ಲ. ನೆರೆಹೊರೆಯ ಧರ್ಮವು ನೆರೆ ಬಂದ ರಾತ್ರಿ ಮಾತ್ರ ಎಚ್ಚರಗೊಂಡರೆ ಸಾಲದು. ಬಿಸಿಲಿನ ದಿನಗಳಲ್ಲಿ, ಕೆರೆಯ ಏರಿಯ ಮೇಲೆ, ಕೋಡಿಯ ಕಾಲುವೆಯ ಬದಿಯಲ್ಲಿ ಅದು ಎಚ್ಚರವಾಗಿರಬೇಕು. ಹುಣಿಸೆಯ ಮರ ಇನ್ನೂ ನಿಂತಿದೆ. ಈ ನಗರಕ್ಕೆ ಬರುವ ಕನ್ನಡ ಬಂಧುಗಳು ಚಾರ್ಮಿನಾರನ್ನು ನೋಡಿ ಮರಳುವಾಗ ನದಿಯನ್ನು ದಾಟಿ ಅದನ್ನೂ ಒಮ್ಮೆ ನೋಡಿಕೊಂಡು ಹೋಗಲಿ.