ಉಬ್ಬಸದ ಎರಡು ಸಾಕ್ಷ್ಯಗಳು: ಭಾವನೆ, ಶ್ವಾಸನಾಳ ಮತ್ತು ಶಕ್ತಿಚಿಕಿತ್ಸೆಯ ಬಗ್ಗೆ ಒಂದು ವಿಚಾರಣೆ

ಮನಸ್ಸು ದೇಹವನ್ನು ಬಾಧಿಸುತ್ತದೆ ಎಂಬ ತಿಳಿವಳಿಕೆ ನಮಗೆ ಹೊಸದಲ್ಲ. ಚರಕ ಸಂಹಿತೆ ಅತಿಸಾರದ ಆರು ಬಗೆಗಳನ್ನು ಹೇಳುವಾಗ ದೋಷಗಳಿಂದ ಹುಟ್ಟುವ ನಾಲ್ಕರ ಜೊತೆಗೆ ಭಯದಿಂದ ಹುಟ್ಟುವುದು, ಶೋಕದಿಂದ ಹುಟ್ಟುವುದು ಎಂದು ಇನ್ನೆರಡನ್ನು ಪ್ರತ್ಯೇಕವಾಗಿ ಎಣಿಸುತ್ತದೆ. ಆಧುನಿಕ ವೈದ್ಯವೂ ಈ ಸಂಬಂಧವನ್ನು ಅಲ್ಲಗಳೆಯುವುದಿಲ್ಲ. ಉತ್ತರ ಬೇಕಾಗಿರುವುದು ಬೇರೆ ಪ್ರಶ್ನೆಗೆ: ಈ ಬಾಧೆ ಯಾವ ದಾರಿಯಲ್ಲಿ ಸಾಗುತ್ತದೆ, ಎಲ್ಲಿಗೆ ಹೋಗಿ ನಿಲ್ಲುತ್ತದೆ? ರೇಕಿ, ಪ್ರಾಣಚಿಕಿತ್ಸೆ ಮುಂತಾದ ಶಕ್ತಿಚಿಕಿತ್ಸೆಗಳ ಬೆಲೆಯೂ ಈ ಪ್ರಶ್ನೆಯ ಉತ್ತರದಲ್ಲೇ ಅಡಗಿದೆ.

ಇದನ್ನು ಪರಿಶೀಲಿಸಲು ಉಬ್ಬಸ ತಕ್ಕ ರೋಗ. ಉಸಿರಾಟ ತನ್ನಷ್ಟಕ್ಕೆ ನಡೆಯುತ್ತದೆ, ಬೇಕೆಂದಾಗ ನಮ್ಮ ಇಚ್ಛೆಗೂ ಬಗ್ಗುತ್ತದೆ. ಎದೆ ಎಷ್ಟು ಬಿಗಿದಿದೆ ಎಂದು ರೋಗಿ ಹೇಳುತ್ತಾನೆ; ಶ್ವಾಸನಾಳ ಎಷ್ಟು ತೆರೆದಿದೆ ಎಂದು ಉಸಿರು ಅಳೆಯುವ ಯಂತ್ರ ಹೇಳುತ್ತದೆ. ಒಂದೇ ಗಳಿಗೆಯಲ್ಲಿ ಇಂಥ ಎರಡು ಸಾಕ್ಷ್ಯಗಳನ್ನು ಕೊಡುವ ರೋಗಗಳು ಹೆಚ್ಚಿಲ್ಲ.

1886ರಲ್ಲಿ ಅಮೆರಿಕದ ಬಾಲ್ಟಿಮೋರಿನ ವೈದ್ಯ ಜಾನ್ ಮೆಕೆಂಜಿ, ಗುಲಾಬಿಯ ಸನಿಹದಲ್ಲಿ ಉಬ್ಬಸಕ್ಕೆ ತುತ್ತಾಗುತ್ತಿದ್ದ ಮಹಿಳೆಯೊಬ್ಬಳ ವಿವರ ಪ್ರಕಟಿಸಿದ. ಆತ ಕೃತಕ ಗುಲಾಬಿಯೊಂದನ್ನು ಹಿಡಿದು ತೋರಿಸಿದರೂ ಆಕೆಗೆ ಉಸಿರು ಕಟ್ಟಿತು. ಒಬ್ಬಳ ಕಥೆಯಿಂದ ಸಿದ್ಧಾಂತ ಕಟ್ಟಲಾಗದು. 1968ರಲ್ಲಿ ಲುಪರೆಲ್ಲೊ ಮತ್ತು ಸಂಗಡಿಗರು ಇದನ್ನೇ ಪ್ರಯೋಗಕ್ಕೆ ಒಡ್ಡಿದರು. ಉಬ್ಬಸವಿದ್ದ 40 ಜನರಿಗೆ ಬರಿಯ ಉಪ್ಪುನೀರಿನ ಆವಿ ಕೊಟ್ಟು, ಇದರಲ್ಲಿ ನಿಮಗೆ ಒಗ್ಗದ ವಸ್ತುವಿದೆ ಎಂದು ನಂಬಿಸಿದರು. 19 ಜನರ ಶ್ವಾಸನಾಳ ಅಳತೆಗೆ ಸಿಗುವಷ್ಟು ಬಿಗಿಯಿತು; ಅವರಲ್ಲಿ 12 ಜನರಿಗೆ ಪೂರ್ಣ ಪ್ರಮಾಣದ ಉಬ್ಬಸವೇ ಬಂತು. ಅದೇ ಉಪ್ಪುನೀರನ್ನು ಈಗ ಮದ್ದೆಂದು ಕೊಟ್ಟಾಗ ಬಿಗಿತ ಸಡಿಲಿತು. ಮುಂದಿನ ವರ್ಷ ಅದೇ ತಂಡ ಅಟ್ರೋಪಿನ್ ಕೊಟ್ಟು ನೋಡಿದಾಗ ಮಾತಿನಿಂದ ಹುಟ್ಟುವ ಬಿಗಿತ ತಡೆಯಲ್ಪಟ್ಟಿತು. ಅಟ್ರೋಪಿನ್ ತಡೆಯುವುದು ವೇಗಸ್ ನರದ ತುದಿಯಲ್ಲಿ ಬಿಡುಗಡೆಯಾಗುವ ಅಸಿಟೈಲ್‌ಕೋಲಿನ್ನಿನ ಕೆಲಸವನ್ನು. ಭಯ ಮಿದುಳಿನಿಂದ ಶ್ವಾಸನಾಳದ ಸ್ನಾಯುವಿಗೆ ಇಳಿಯುವ ದಾರಿ ಹೀಗೆ ಕಣ್ಣಿಗೆ ಬಿತ್ತು.

ಇನ್ನೊಂದು ದಾರಿ ನಿಧಾನದ್ದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು ಸೌಮ್ಯ ಉಬ್ಬಸವಿದ್ದ ವಿದ್ಯಾರ್ಥಿಗಳಿಗೆ ಒಗ್ಗದ ವಸ್ತುವನ್ನು ಉಸಿರಿನೊಂದಿಗೆ ಕೊಟ್ಟು, ಕಫದಲ್ಲಿನ ಇಯೊಸಿನೊಫಿಲ್ ಕಣಗಳನ್ನು ಎಣಿಸಿದರು. ಓದಿನ ಒತ್ತಡವಿಲ್ಲದ ದಿನಗಳಿಗಿಂತ ಪರೀಕ್ಷೆಯ ದಿನಗಳಲ್ಲಿ ಉರಿಯೂತ ಹೆಚ್ಚಿತ್ತು. 2002ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ಆದರೆ ಅದರ ಸೂಚನೆ ಸ್ಪಷ್ಟ: ಆತಂಕ ಸ್ನಾಯುವನ್ನು ಬಿಗಿಸಿ ಸುಮ್ಮನಾಗುವುದಿಲ್ಲ, ರೋಗದ ಮೂಲವಾದ ಉರಿಯೂತಕ್ಕೂ ಗಾಳಿ ಹಾಕುತ್ತದೆ.

ಹಾಗಾದರೆ ನೆಮ್ಮದಿ ಇದೇ ದಾರಿಯಲ್ಲಿ ಹಿಂದಿರುಗಿ ರೋಗವನ್ನು ಗುಣಪಡಿಸಬಲ್ಲದೇ? ಹಾರ್ವರ್ಡಿನ ವೆಕ್ಸ್ಲರ್, ಟೆಡ್ ಕ್ಯಾಪ್ಚಕ್ ಮತ್ತಿತರರು 2011ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಇಲ್ಲಿ ನಿಧಾನವಾಗಿ ನೋಡಬೇಕು. ನಮ್ಮಲ್ಲಿ ಸಾಲ್ಬ್ಯುಟಮಾಲ್ ಎಂದು ಸಿಗುವ ಮದ್ದಿನ ಇನ್ಹೇಲರ್, ಮದ್ದಿಲ್ಲದ ಹುಸಿ ಇನ್ಹೇಲರ್, ಹುಸಿ ಆಕ್ಯುಪಂಕ್ಚರ್, ಏನನ್ನೂ ಕೊಡದೆ ಕೂರಿಸುವುದು: ಪ್ರತಿಯೊಬ್ಬ ರೋಗಿಯೂ ಬೇರೆ ಬೇರೆ ದಿನ ಈ ನಾಲ್ಕನ್ನೂ ಹಾದುಹೋದ. 39 ಜನ ಕೊನೆಯವರೆಗೆ ಉಳಿದರು. ಎಷ್ಟು ಸುಧಾರಿಸಿದೆ ಎಂದು ಕೇಳಿದಾಗ ರೋಗಿಗಳು ಹೇಳಿಕೊಂಡ ಸುಧಾರಣೆ ನಿಜವಾದ ಮದ್ದಿಗೆ ಶೇ. 50, ಹುಸಿ ಇನ್ಹೇಲರಿಗೆ ಶೇ. 45, ಹುಸಿ ಸೂಜಿಗೆ ಶೇ. 46. ಸುಮ್ಮನೆ ಕೂತಾಗ ಶೇ. 21. ಯಂತ್ರ ಬೇರೆಯದನ್ನೇ ಹೇಳಿತು. ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿಯ ಪ್ರಮಾಣ ನಿಜವಾದ ಮದ್ದಿನಿಂದ ಶೇ. 20ರಷ್ಟು ಹೆಚ್ಚಿತು, ಉಳಿದ ಮೂರರಲ್ಲೂ ಹೆಚ್ಚಳ ಸುಮಾರು ಶೇ. 7 ಮಾತ್ರ.

ರೋಗಿಗಳು ಸುಳ್ಳು ಹೇಳಲಿಲ್ಲ. ಅವರ ಸಂಕಟ ನಿಜಕ್ಕೂ ಕಡಿಮೆಯಾಗಿತ್ತು, ಸಂಕಟ ಇಳಿಸುವುದು ವೈದ್ಯದ ಅರ್ಧ ಕರ್ತವ್ಯ. ಆದರೆ ನಾಳ ಬಿಗಿದೇ ಇರುವಾಗ ಹಗುರವೆನಿಸಿದರೆ ಅದು ಅಪಾಯದ ಹಗುರ. ಆ ರಾತ್ರಿ ಆಸ್ಪತ್ರೆಗೆ ಹೊರಡಬೇಕಾದವನು ಹೊರಡದೇ ಉಳಿಯಬಹುದು. 1968ರ ಫಲಿತಾಂಶವನ್ನೂ 2011ರ ಫಲಿತಾಂಶವನ್ನೂ ಪಕ್ಕಪಕ್ಕದಲ್ಲಿಟ್ಟರೆ ನನಗೆ ತೋರುವುದು ಇಷ್ಟು: ಮಾತು ಮುಚ್ಚಿದ ನಾಳವನ್ನು ಮಾತು ತೆರೆಯಬಹುದು, ಉರಿಯೂತ ಮುಚ್ಚಿದ ನಾಳಕ್ಕೆ ಮದ್ದು ಬೇಕು.

ಬೆಂಗಳೂರಿಗೂ ಈ ಚರ್ಚೆಯಲ್ಲಿ ಪಾಲಿದೆ. ಆರ್. ನಾಗರತ್ನ ಮತ್ತು ಎಚ್.ಆರ್. ನಾಗೇಂದ್ರ ಅವರು 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 53 ಉಬ್ಬಸ ರೋಗಿಗಳು ಎರಡು ವಾರ ಆಸನ, ಪ್ರಾಣಾಯಾಮ, ಧ್ಯಾನಗಳನ್ನು ಕಲಿತು, ಬಳಿಕ ದಿನಕ್ಕೆ 65 ನಿಮಿಷ ಅಭ್ಯಾಸ ಮಾಡಬೇಕಿತ್ತು. ವಯಸ್ಸು, ಲಿಂಗ, ರೋಗದ ತೀವ್ರತೆಗಳಲ್ಲಿ ಅವರಿಗೆ ಹೊಂದುವ 53 ಜನ ತಮ್ಮ ಎಂದಿನ ಮದ್ದನ್ನಷ್ಟೇ ಮುಂದುವರಿಸಿದರು. ಯೋಗದ ಗುಂಪಿನಲ್ಲಿ ಉಬ್ಬಸದ ಸರದಿ ಕಡಿಮೆಯಾಯಿತು, ಮದ್ದಿನ ಅಗತ್ಯ ಇಳಿಯಿತು, ಉಸಿರಿನ ರಭಸದ ಅಳತೆಯೂ ಏರಿತು. ಇದು ಗೌರವಕ್ಕೆ ಅರ್ಹವಾದ ಕೆಲಸ. ಆದರೂ ಎರಡು ಮಾತು ಹೇಳಬೇಕು. ಹೋಲಿಕೆಯ ಗುಂಪಿಗೆ ಯೋಗದಷ್ಟೇ ಆರೈಕೆ, ನಿರೀಕ್ಷೆ ದೊರೆಯಲಿಲ್ಲ. ಉಸಿರಿನ ರಭಸ ರೋಗಿ ಎಷ್ಟು ಪ್ರಯತ್ನಪಟ್ಟು ಊದುತ್ತಾನೆ ಎಂಬುದನ್ನೂ ಅವಲಂಬಿಸಿರುವುದರಿಂದ ಉಸಿರಾಟದ ಅಭ್ಯಾಸವಾದವನು ಚೆನ್ನಾಗಿ ಊದುವ ಸಾಧ್ಯತೆಯೂ ಇದೆ. 2016ರ ಕಾಕ್ರೇನ್ ಸಮೀಕ್ಷೆ 15 ಪ್ರಯೋಗಗಳ 1,048 ರೋಗಿಗಳ ವಿವರ ಕಲೆಹಾಕಿ, ಯೋಗದಿಂದ ಬದುಕಿನ ಗುಣಮಟ್ಟ ಮತ್ತು ಲಕ್ಷಣಗಳು ಸ್ವಲ್ಪ ಸುಧಾರಿಸುವ ಸಂಭವವಿದೆ, ಶ್ವಾಸಕೋಶದ ಸಾಮರ್ಥ್ಯದ ಬಗ್ಗೆ ಖಚಿತವಾಗಿ ಹೇಳಲಾಗದು ಎಂದಿತು. ಮತ್ತೆ ಅದೇ ಎರಡು ಸಾಕ್ಷ್ಯಗಳು, ಮತ್ತೆ ಅದೇ ಅಂತರ.

ಶಕ್ತಿಚಿಕಿತ್ಸೆಗಳು ಇದಕ್ಕಿಂತ ದೊಡ್ಡ ಮಾತಾಡುತ್ತವೆ. ಜಪಾನಿನ ಮಿಕಾವೊ ಉಸುಯಿ 1922ರ ಸುಮಾರಿಗೆ ಆರಂಭಿಸಿದ ರೇಕಿಯಾಗಲಿ, ಫಿಲಿಪೀನ್ಸಿನ ಚೋವಾ ಕೋಕ್ ಸುಯಿ ಪ್ರಚಾರಕ್ಕೆ ತಂದ ಪ್ರಾಣಚಿಕಿತ್ಸೆಯಾಗಲಿ, ಚಿಕಿತ್ಸಕನ ಕೈಯಿಂದ ರೋಗಿಯ ದೇಹಕ್ಕೆ ಒಂದು ಶಕ್ತಿ ಹರಿಯುತ್ತದೆ ಎನ್ನುತ್ತವೆ. ಇದು ಪರೀಕ್ಷೆಗೆ ಸಿಗುವ ಮಾತು. 1998ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಎಮಿಲಿ ರೋಸಾ ಎಂಬ ಬಾಲೆಯ ಶಾಲಾ ಪ್ರಯೋಗ ಪ್ರಕಟವಾಯಿತು. ಕೈಯಿಂದ ಶಕ್ತಿವಲಯವನ್ನು ಗ್ರಹಿಸುತ್ತೇವೆ ಎನ್ನುತ್ತಿದ್ದ 21 ಚಿಕಿತ್ಸಕರು ಮರೆಯ ಹಿಂದಿನಿಂದ ತಮ್ಮ ಎರಡು ಕೈಗಳನ್ನು ಚಾಚಬೇಕು. ಆಕೆಯ ಕೈ ಯಾವುದರ ಮೇಲಿದೆ ಎಂದು ಹೇಳಬೇಕು. 280 ಬಾರಿಯಲ್ಲಿ ಸರಿಯಾದ ಉತ್ತರ ಬಂದದ್ದು 123 ಸಲ, ಅಂದರೆ ಶೇ. 44. ನಾಣ್ಯ ಚಿಮ್ಮಿದ್ದರೂ ಇದಕ್ಕಿಂತ ಹೆಚ್ಚು ಸರಿಯಾಗುತ್ತಿತ್ತು. ಪ್ರಯೋಗ ಸರಳ, ಆದರೆ ಅದು ಕೇಳಿದ ಪ್ರಶ್ನೆಗೆ ಸಮಾಧಾನಕರ ಉತ್ತರವನ್ನು ಆ ಪಂಥ ಕೊಟ್ಟಿಲ್ಲ.

ಹಾಗೆಂದು ರೇಕಿ ಪಡೆದವರ ನೆಮ್ಮದಿ ಭ್ರಮೆಯಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೀಮೋಥೆರಪಿ ಪಡೆಯುತ್ತಿದ್ದ 189 ರೋಗಿಗಳನ್ನು ಮೂರು ಪಾಲು ಮಾಡಿದರು: ರೇಕಿ ಪಡೆದವರು, ರೇಕಿ ಕಲಿಯದವರಿಂದ ಹುಸಿ ರೇಕಿ ಪಡೆದವರು, ಎಂದಿನ ಆರೈಕೆಯಷ್ಟೇ ಪಡೆದವರು. ಮೊದಲ ಎರಡು ಗುಂಪುಗಳೂ ಮೂರನೆಯದಕ್ಕಿಂತ ಹಾಯಾಗಿದ್ದವು. ತಮ್ಮತಮ್ಮಲ್ಲಿ ಅವು ಬೇರೆಯಾಗಲಿಲ್ಲ. ಕಲಿತ ಕೈಗೂ ಕಲಿಯದ ಕೈಗೂ ಫಲ ಒಂದೇ ಆದರೆ ಕೆಲಸ ಮಾಡಿದ್ದು ಪಕ್ಕದಲ್ಲಿ ಕೂತ ಮನುಷ್ಯ. ಕ್ಯಾಪ್ಚಕ್ 2008ರಲ್ಲಿ ಕರುಳಿನ ಕಿರಿಕಿರಿಯ 262 ರೋಗಿಗಳಲ್ಲಿ ಇದನ್ನೇ ಬಿಡಿಸಿ ನೋಡಿದ್ದ. ಸರದಿಗಾಗಿ ಕಾದವರಲ್ಲಿ ಶೇ. 28, ಮಾತಿಲ್ಲದೆ ಹುಸಿ ಸೂಜಿ ಚುಚ್ಚಿಸಿಕೊಂಡವರಲ್ಲಿ ಶೇ. 44, ಅದೇ ಹುಸಿ ಸೂಜಿಯೊಂದಿಗೆ ಚಿಕಿತ್ಸಕ ಅಕ್ಕರೆಯಿಂದ ಕೂತು ಮಾತಾಡಿದವರಲ್ಲಿ ಶೇ. 62 ಜನರಿಗೆ ತಕ್ಕ ಉಪಶಮನ ಸಿಕ್ಕಿತು. ಜಿಲ್ಲಾ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ವೈದ್ಯರು ತಲೆಯೆತ್ತಿ ನೋಡಲೂ ಬಿಡುವಿಲ್ಲದೆ ಚೀಟಿ ಬರೆಯುತ್ತಾರಲ್ಲ, ಅಲ್ಲಿ ಕಳೆದುಹೋಗುತ್ತಿರುವುದು ಈ ಅಂತರವೇ. ಆ ಕೊರತೆಯೇ ಜನರನ್ನು ಶಕ್ತಿಚಿಕಿತ್ಸಕರ ಬಳಿಗೆ ಕಳಿಸುತ್ತದೆ ಎಂಬುದು ನನ್ನ ಅನಿಸಿಕೆ.

ಈ ವಿಷಯಕ್ಕೆ ಇನ್ನೊಂದು ಮುಖವಿದೆ, ಅದು ಕ್ರೂರವಾದದ್ದು. ರೋಗ ಭಾವನೆಯಿಂದ ಬಂತೆಂದರೆ ತಪ್ಪು ಯಾರ ತಲೆಗೆ? ಕಳೆದ ಶತಮಾನದ ನಡುವೆ ಷಿಕಾಗೊದ ಮನೋವಿಶ್ಲೇಷಕ ಫ್ರಾಂಜ್ ಅಲೆಕ್ಸಾಂಡರ್ ಮತ್ತು ಸಹೋದ್ಯೋಗಿಗಳು ಉಬ್ಬಸವನ್ನು ತಾಯಿಗಾಗಿ ಅದುಮಿಟ್ಟ ಅಳು ಎಂದು ವಿವರಿಸಿದರು. ಮಗುವಿನ ಎದೆ ಸೀಟಿಯೂದಿದರೆ ಗುಮಾನಿ ತಾಯಿಯ ಮೇಲೆ. ಅದೇ ಪಟ್ಟಿಯಲ್ಲಿ ಜಠರದ ಹುಣ್ಣೂ ಇತ್ತು. ಅದರ ಮುಖ್ಯ ಕಾರಣ ಬ್ಯಾಕ್ಟೀರಿಯಾ ಎಂದು ತೋರಿಸಿದ ಮಾರ್ಷಲ್ ಮತ್ತು ವಾರನ್ 2005ರಲ್ಲಿ ನೊಬೆಲ್ ಪಡೆದರು. ಕ್ಯಾನ್ಸರಿನಲ್ಲಿಯೂ ಧೈರ್ಯವಾಗಿದ್ದವರು ಬದುಕುತ್ತಾರೆ ಎನ್ನುವುದುಂಟು. ತಲೆ ಮತ್ತು ಕತ್ತಿನ ಕ್ಯಾನ್ಸರಿನ 1,093 ರೋಗಿಗಳನ್ನು ಗಮನಿಸಿದ ಜೇಮ್ಸ್ ಕೊಯ್ನ್ ತಂಡದ 2007ರ ಅಧ್ಯಯನದಲ್ಲಿ ಭಾವನಾತ್ಮಕ ಸ್ಥಿತಿಗೂ ಉಳಿವಿಗೂ ಸಂಬಂಧ ಕಾಣಲಿಲ್ಲ. ಸಾಯುತ್ತಿರುವವರಿಗೆ ನಿನ್ನ ಆಲೋಚನೆ ಸರಿಯಿರಲಿಲ್ಲ ಎನ್ನುವುದು ಚಿಕಿತ್ಸೆಯಲ್ಲ.

ನಮ್ಮ ಮನೆಗಳಲ್ಲಿ ಇನ್ಹೇಲರ್ ಇಂದಿಗೂ ಕೊನೆಯ ಮದ್ದು, ಹಿಡಿದರೆ ಬಿಡದು ಎಂಬ ಭಯ ಉಳಿದಿದೆ. ಆ ಭಯವೂ ಉಸಿರಾಟವನ್ನು ಕೆಡಿಸುವ ಭಾವನೆಯೇ; ಉರಿಯೂತ ಇಳಿಸುವ ಸ್ಟೀರಾಯ್ಡ್ ಇನ್ಹೇಲರನ್ನು ಅದು ದೂರವಿಡುತ್ತದೆ. ಆದ್ದರಿಂದ ಕರ್ನಾಟಕದಲ್ಲಿ ಮುಂದೆ ನಡೆಯುವ ಅಧ್ಯಯನಗಳು ಯೋಗವನ್ನಾಗಲಿ ಪ್ರಾಣಚಿಕಿತ್ಸೆಯನ್ನಾಗಲಿ ಇನ್ಹೇಲರಿನ ಬದಲಿಗೆ ಇಡದೆ ಜೊತೆಗಿಡಬೇಕು. ಹೋಲಿಕೆಯ ಗುಂಪಿಗೂ ಅಷ್ಟೇ ಹೊತ್ತು, ಅಷ್ಟೇ ಅಕ್ಕರೆ ಸಿಗಬೇಕು. ರೋಗಿಯ ಮಾತು ಮತ್ತು ಯಂತ್ರದ ಅಂಕಿ ಒಂದೇ ಹಾಳೆಯಲ್ಲಿ ದಾಖಲಾಗಬೇಕು. ಅವೆರಡೂ ಬೇರೆಯಾದ ದಿನ ರೋಗಿ ಮದ್ದು ತೆಗೆದುಕೊಂಡನೇ ಎಂಬುದನ್ನೂ ಬರೆದಿಡಬೇಕು.