ನುನಾವುಟ್ ಭೂ ಒಪ್ಪಂದ: ಸಹಿಯಿಂದ ಜಾರಿಯವರೆಗಿನ ದಾರಿ

ಕೆನಡಾದ ಉತ್ತರ ತುದಿಯಲ್ಲಿರುವ ನುನಾವುಟ್‌ನ ವಿಸ್ತೀರ್ಣ ಸುಮಾರು 20 ಲಕ್ಷ ಚದರ ಕಿಲೋಮೀಟರ್. ಕರ್ನಾಟಕದಂಥ ಹತ್ತು ರಾಜ್ಯಗಳನ್ನು ಅದರೊಳಗೆ ಕೂರಿಸಬಹುದು. ಜನಸಂಖ್ಯೆಯಾದರೋ ಹೆಚ್ಚುಕಡಿಮೆ 40 ಸಾವಿರ ಮಾತ್ರ. ಅವರಲ್ಲಿ ಬಹುಪಾಲು ಜನ ಇನುಯಿಟ್ ಮೂಲನಿವಾಸಿಗಳು. ನಮ್ಮ ಹಳೆಯ ಪಠ್ಯಪುಸ್ತಕಗಳು ಎಸ್ಕಿಮೊಗಳೆಂದು ಪರಿಚಯಿಸಿದ್ದು ಇವರನ್ನೇ. ಆ ಹೆಸರನ್ನು ಅವರು ಒಪ್ಪುವುದಿಲ್ಲ.

ಮೂಲನಿವಾಸಿಗಳಿಗೆ ನೆಲದ ಮೇಲೆ ಪರಂಪರಾಗತ ಹಕ್ಕು ಇರಬಹುದೆಂಬುದನ್ನು ಕೆನಡಾದ ಸುಪ್ರೀಂ ಕೋರ್ಟ್ 1973ರ ಕಾಲ್ಡರ್ ಪ್ರಕರಣದಲ್ಲಿ ಗುರುತಿಸಿತು. ಒಕ್ಕೂಟ ಸರ್ಕಾರ ಮಾತುಕತೆಗೆ ಮುಂದಾದದ್ದು ಆ ಬಳಿಕ. 1975ರಲ್ಲಿ ಜೇಮ್ಸ್ ಬೇ ಒಪ್ಪಂದವೂ 1993ರ ಮೇ 25ರಂದು ನುನಾವುಟ್ ಒಪ್ಪಂದವೂ ಏರ್ಪಟ್ಟವು. ಇಂಥ ಒಪ್ಪಂದಗಳಿಗೆ 1982ರ ಸಂವಿಧಾನ ಕಾಯ್ದೆಯ 35ನೇ ಕಲಮಿನ ರಕ್ಷಣೆ ಇದೆ. ನುನಾವುಟ್ ಪ್ರತ್ಯೇಕ ಆಡಳಿತ ಪ್ರದೇಶವಾದದ್ದು 1999ರ ಏಪ್ರಿಲ್ 1ರಂದು.

ಇದು ಪುಕ್ಕಟೆಯಾಗಿ ದೊರೆತ ವರವಲ್ಲ. ಇನುಯಿಟರು ತಮ್ಮ ಪರಂಪರಾಗತ ಭೂ ಹಕ್ಕನ್ನು ಬಿಟ್ಟುಕೊಟ್ಟರು. ಪ್ರತಿಯಾಗಿ ಸುಮಾರು 3.5 ಲಕ್ಷ ಚದರ ಕಿಲೋಮೀಟರ್ ಭೂಮಿಯ ಒಡೆತನ, ನೂರು ಕೋಟಿ ಡಾಲರಿಗೂ ಮಿಗಿಲಾದ ಹಣ, ಬೇಟೆಯ ಹಕ್ಕು ದೊರೆತವು. ನೆಲದಡಿಯ ಖನಿಜದ ಹಕ್ಕು ಆ ಭೂಮಿಯ ಹತ್ತನೆಯ ಒಂದು ಭಾಗಕ್ಕಷ್ಟೇ ಸೀಮಿತ. ಉಳಿದ ವಿಶಾಲ ನೆಲ ಜಲಗಳ ವಿಷಯದಲ್ಲಿ ಅವರಿಗೆ ಸಿಕ್ಕಿದ್ದು ನಿರ್ಧಾರದಲ್ಲಿ ಪಾಲು. ವನ್ಯಜೀವಿ, ಭೂಬಳಕೆ ಯೋಜನೆ, ಪರಿಸರ ಪರಿಣಾಮ, ನೀರು ಇವುಗಳಿಗೆ ಒಂದೊಂದು ಜಂಟಿ ಮಂಡಳಿ ರಚನೆಯಾಯಿತು. ಒಪ್ಪಂದದ ಸತ್ವವೆಲ್ಲ ಈ ಮಂಡಳಿಗಳು ನಡೆಯುವ ಬಗೆಯಲ್ಲಿದೆ.

ಒಂಬತ್ತು ಸದಸ್ಯರ ವನ್ಯಜೀವಿ ಮಂಡಳಿಗೆ ನಾಲ್ವರನ್ನು ಇನುಯಿಟ್ ಸಂಘಟನೆಗಳೇ ನೇಮಿಸುತ್ತವೆ. ಬೊಹೆಡ್ ತಿಮಿಂಗಿಲದ ಪ್ರಸಂಗ ಈ ವ್ಯವಸ್ಥೆಯ ಪ್ರಯೋಜನವನ್ನು ತೋರಿಸುತ್ತದೆ. ಹಿಂದಿನ ಶತಮಾನಗಳ ವಾಣಿಜ್ಯ ಬೇಟೆಯಿಂದ ಸೊರಗಿದ್ದ ಈ ಪ್ರಾಣಿ ಪೂರ್ವ ಆರ್ಕ್‌ಟಿಕ್‌ನಲ್ಲಿ ಕೆಲವು ನೂರಷ್ಟೇ ಉಳಿದಿದೆಯೆಂದು ವಿಜ್ಞಾನಿಗಳು ಭಾವಿಸಿದ್ದರು. ಸಂಖ್ಯೆ ಹೆಚ್ಚುತ್ತಿದೆಯೆಂದು ಬೇಟೆಗಾರರು ಹೇಳುತ್ತಿದ್ದರು. ಅವರ ತಿಳಿವಳಿಕೆಯನ್ನು ದಾಖಲಿಸುವ ಅಧ್ಯಯನವನ್ನು ಒಪ್ಪಂದವೇ ಕಡ್ಡಾಯಗೊಳಿಸಿತ್ತು. 2000ರಲ್ಲಿ ಅದು ಪ್ರಕಟವಾಯಿತು. ನಂತರದ ವೈಮಾನಿಕ ಸಮೀಕ್ಷೆಗಳ ಅಂದಾಜು ಸಾವಿರಗಳಿಗೆ ಏರಿತು. ಬೇಟೆಗಾರರ ಮಾತೇ ನಿಜವಾಯಿತು.

ಆದರೆ ಹಣದ ಕೀಲಿಕೈಯೂ ಕೊನೆಯ ಮಾತೂ ಒಟ್ಟಾವಾದ ಕೈಯಲ್ಲಿಯೇ ಉಳಿದವು. ನುನಾವುಟ್‌ನ ಪರಿಸರ ಹಾಗೂ ಸಮಾಜದ ದೀರ್ಘಾವಧಿ ಸ್ಥಿತಿಗತಿಯನ್ನು ಗಮನಿಸುವ ಯೋಜನೆಯೊಂದನ್ನು ರೂಪಿಸುವುದಾಗಿ ಸರ್ಕಾರ ಒಪ್ಪಂದದಲ್ಲಿ ಒಪ್ಪಿಕೊಂಡಿತ್ತು. ವರ್ಷಗಳು ಉರುಳಿದರೂ ಅದು ಕಾಗದದಲ್ಲೇ ಉಳಿಯಿತು. ಇನುಯಿಟರ ಪ್ರಾತಿನಿಧಿಕ ಸಂಸ್ಥೆ ನುನಾವುಟ್ ತುಂಗಾವಿಕ್ 2006ರಲ್ಲಿ ಮೊಕದ್ದಮೆ ಹೂಡಿ ನೂರು ಕೋಟಿ ಡಾಲರ್ ಪರಿಹಾರ ಕೇಳಿತು. ಯೋಜನೆಯ ವಿಷಯದಲ್ಲಿ ಸರ್ಕಾರ ಮಾತು ತಪ್ಪಿದೆಯೆಂದು ನುನಾವುಟ್ ನ್ಯಾಯಾಲಯ 2012ರಲ್ಲಿ ತೀರ್ಪಿತ್ತಿತು. 2015ರಲ್ಲಿ 25.55 ಕೋಟಿ ಡಾಲರಿಗೆ ರಾಜಿಯಾಯಿತು. ಇಡೀ ಪ್ರದೇಶಕ್ಕೆ ಅನ್ವಯಿಸುವ ಭೂಬಳಕೆ ಯೋಜನೆಯ ಶಿಫಾರಸು ಪ್ರತಿ ಸಲ್ಲಿಕೆಯಾದದ್ದು 2023ರಲ್ಲಿ, ಅಂದರೆ ಒಪ್ಪಂದವಾದ ಮೂವತ್ತು ವರ್ಷಗಳ ನಂತರ.

ಸಮಾಲೋಚನೆ ಎಂಬ ಪದವನ್ನು ಎಷ್ಟು ತೆಳುವಾಗಿ ಅರ್ಥೈಸಬಹುದೆಂಬುದಕ್ಕೆ ಕ್ಲೈಡ್ ರಿವರ್ ಪ್ರಕರಣ ಸಾಕ್ಷಿ. ಬ್ಯಾಫಿನ್ ಕೊಲ್ಲಿಯಲ್ಲಿ ತೈಲಶೋಧಕ್ಕಾಗಿ ಶಬ್ದತರಂಗ ಸಮೀಕ್ಷೆ ನಡೆಸಲು ಕಂಪನಿಗಳು ಬಂದವು. ಇದರಿಂದ ಕಡಲ ಪ್ರಾಣಿಗಳಿಗೇನಾದೀತೆಂದು ಊರವರು ಕೇಳಿದರು. ಸಭೆಯಲ್ಲಿ ಸಮರ್ಪಕ ಉತ್ತರ ದೊರೆಯಲಿಲ್ಲ. ಬಳಿಕ ಬಂದದ್ದು 3,926 ಪುಟಗಳ ದಾಖಲೆ. ಅದರ ಬಹುಭಾಗ ಇನುಕ್ಟಿಟುಟ್ ಭಾಷೆಗೆ ಅನುವಾದಗೊಂಡಿರಲಿಲ್ಲ. ಅಂತರ್ಜಾಲ ಸಂಪರ್ಕ ನಿಧಾನವಾಗಿದ್ದ ಊರಿನಲ್ಲಿ ಅದನ್ನು ಇಳಿಸಿಕೊಳ್ಳುವುದೇ ದುಸ್ತರವಾಗಿತ್ತು. 2014ರಲ್ಲಿ ಇಂಧನ ಮಂಡಳಿ ಅನುಮತಿ ಕೊಟ್ಟಿತು. 2017ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಮ್ಮತದಿಂದ ರದ್ದುಪಡಿಸಿತು. ಈ ಅನುಮತಿ ನೀಡಿದ್ದು ಒಕ್ಕೂಟದ ಸಂಸ್ಥೆಯೇ ಹೊರತು ಒಪ್ಪಂದದ ಮಂಡಳಿಯಲ್ಲ ಎಂಬುದು ಗಮನಾರ್ಹ.

ಒಪ್ಪಂದದ ಮಂಡಳಿಯ ಮುಂದೆ ಬಂದ ದೊಡ್ಡ ಅರ್ಜಿಗಳಲ್ಲಿ ಮೇರಿ ರಿವರ್ ಕಬ್ಬಿಣದ ಗಣಿಯದೂ ಒಂದು. ವಾರ್ಷಿಕ ಅದಿರು ಸಾಗಣೆಯನ್ನು 60 ಲಕ್ಷದಿಂದ 120 ಲಕ್ಷ ಟನ್ನಿಗೆ ಏರಿಸಲು, 110 ಕಿಲೋಮೀಟರ್ ರೈಲುಹಾದಿ ಹಾಕಲು ಬ್ಯಾಫಿನ್‌ಲ್ಯಾಂಡ್ ಕಂಪನಿ ಬಯಸಿತು. ಹಡಗುಗಳ ಸದ್ದಿಗೆ ನಾರ್ವಾಲ್ ತಿಮಿಂಗಿಲಗಳು ದೂರ ಸರಿಯುತ್ತಿವೆಯೆಂಬುದು ಪಾಂಡ್ ಇನ್ಲೆಟ್ ಬೇಟೆಗಾರರ ಆತಂಕವಾಗಿತ್ತು. ಪರಿಣಾಮ ಪರಿಶೀಲನಾ ಮಂಡಳಿ 2022ರ ಮೇ ತಿಂಗಳಲ್ಲಿ ಬೇಡವೆಂದು ಶಿಫಾರಸು ಮಾಡಿತು. ಸಚಿವರು ನವೆಂಬರ್‌ನಲ್ಲಿ ಅದನ್ನು ಒಪ್ಪಿದರು. ಉದ್ಯೋಗ ಬೇಕೆಂದವರೂ ಇನುಯಿಟರಲ್ಲಿ ಇಲ್ಲದಿರಲಿಲ್ಲ.

ಹಣಕ್ಕಿಂತ ನಿಧಾನವಾಗಿ ತುಂಬುವ ಕೊರತೆ ಸಿಬ್ಬಂದಿಯದು. ಜನಸಂಖ್ಯೆಯ ಶೇಕಡ 85ರಷ್ಟಿದ್ದ ಇನುಯಿಟರು ಪ್ರಾದೇಶಿಕ ಸರ್ಕಾರದ ನೌಕರಿಗಳಲ್ಲಿ ಶೇಕಡ 45ರಷ್ಟು ಮಾತ್ರ ಇದ್ದಾರೆಂದು ಮಾಜಿ ನ್ಯಾಯಾಧೀಶ ಥಾಮಸ್ ಬರ್ಜರ್ 2006ರ ವರದಿಯಲ್ಲಿ ತಿಳಿಸಿದ್ದರು. ಅವರು ಬೊಟ್ಟು ಮಾಡಿದ್ದು ಶಾಲೆಯ ಕಡೆಗೆ. ಇನುಕ್ಟಿಟುಟ್ ಮತ್ತು ಇಂಗ್ಲಿಷ್ ಎರಡರಲ್ಲೂ ಗಟ್ಟಿಯಾದ ಶಿಕ್ಷಣ ಬೇಕೆಂದರು. ಸಾರ್ವಜನಿಕ ಭೂಮಿ ಹಾಗೂ ಸಂಪನ್ಮೂಲಗಳ ಅಧಿಕಾರವನ್ನು ಒಟ್ಟಾವಾದಿಂದ ನುನಾವುಟ್ ಸರ್ಕಾರಕ್ಕೆ ವರ್ಗಾಯಿಸುವ ಒಪ್ಪಂದಕ್ಕೆ 2024ರ ಜನವರಿಯಲ್ಲಿ ಸಹಿ ಬಿದ್ದಿದೆ. ಅದರಲ್ಲಿ ವರ್ಗಾವಣೆಗೆ ನಿಗದಿಪಡಿಸಿರುವ ದಿನ 2027ರ ಏಪ್ರಿಲ್ 1.